ಎರಡು ಸಹಸ್ರನಾಮದ ಬ್ಯಾಟರಿ

ನನ್ನ ಸೋದರತ್ತೆಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಬರುತ್ತದೆ. ಅವಳಿಗೆ ಗಡಿಯಾರದ ಮೇಲೆ ನಂಬಿಕೆ ಇಲ್ಲ, ಅಷ್ಟೆ! ಮನೆಯಲ್ಲಿ ಮೂರು ಗಡಿಯಾರಗಳಿದ್ದು ಮೂರೂ ಬೇರೆ ಬೇರೆ ಹೊತ್ತು ತೋರಿಸುವಾಗ ಯಾವುದರ ಮಾತು ಕೇಳಬೇಕು ಎಂಬುದು ಅವಳ ಪ್ರಶ್ನೆ. ಆದ್ದರಿಂದ ಅವಳದೇ ಒಂದು ಅಳತೆ. ಡಿಕಾಕ್ಷನ್ ಇಳಿಯಲು ಹದಿನೇಳರ ಮಗ್ಗಿ ಇಪ್ಪತ್ತು ಸಲ. ಇಡ್ಲಿ ಬೇಯಲು ಐದು ಅಷ್ಟೋತ್ತರ. ಸಿರ್ಸಿಯಿಂದ ಹುಲೇಕಲ್ಲಿಗೆ ಬಸ್ಸಿನಲ್ಲಿ ಒಂದು ಸಹಸ್ರನಾಮ. ದಾರಿಯಲ್ಲಿ ಎದುರು ಬಸ್ಸು ಸಿಕ್ಕಿ ಡ್ರೈವರುಗಳಿಬ್ಬರೂ ಮಾತಿಗೆ ನಿಂತರೆ ಮೇಲೊಂದು ಅಷ್ಟೋತ್ತರ!

ನಗಬೇಡಿ. ಕಾಲೇಜಿನಲ್ಲಿದ್ದಾಗ ನಾನೂ ನಕ್ಕಿದ್ದೆ, ಪಂಥ ಕಟ್ಟಿ ಕೈಗಡಿಯಾರ ಹಿಡಿದು ಎದುರಿಗೆ ಕೂತಿದ್ದೆ. ದೇವರ ಸಾವಿರ ಹೆಸರನ್ನು ಒಂದನ್ನೂ ನುಂಗದೆ ಹೇಳಿ ಮುಗಿಸಿದಾಗ ಸರಿಯಾಗಿ ಇಪ್ಪತ್ತು ನಿಮಿಷ. ಮರುದಿನ ನೋಡಿದೆ, ಮತ್ತೆ ಇಪ್ಪತ್ತು. ಸೋತವಳು ಒಂದು ವಾರ ಬಾವಿಯ ನೀರು ಸೇದಿದೆ.

ಇಂಥ ಅತ್ತೆ ಬ್ಯಾಟರಿಯಿಂದ ನಡೆಯುವ ಬೇಲಿ ಸವರುವ ಮಶೀನು ಕೊಳ್ಳಲು ಹೊರಟರೆ ಅಂಗಡಿಯವನ ಗತಿ ಏನಾಗಬೇಡ?

ಅದಕ್ಕೆ ಮೊದಲು ಬೇಲಿಯ ವಿಷಯ ಹೇಳಬೇಕು. ಸಿರ್ಸಿ ಪೇಟೆಯ ಅಂಚಿನಲ್ಲಿ ಅತ್ತೆಯ ಮನೆ. ಆ ಸಾಲಿನಲ್ಲಿ ಎಲ್ಲರಿಗೂ ಕಂಪೌಂಡು ಗೋಡೆ ಇದೆ, ಇವಳ ಮನೆಗೆ ಮಾತ್ರ ದಾಸವಾಳದ ಬೇಲಿ. ಮನೆ ಕಟ್ಟಿದ ವರ್ಷ ಹೆಗಡೆಕಟ್ಟಾದ ತವರಿನಿಂದ, ಅಂದರೆ ನಮ್ಮ ಮನೆಯಿಂದ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಊರಿದ ಟೊಂಗೆಗಳು ಅವು. ಕಂಪೌಂಡು ಇರುವವರೆಲ್ಲ ಬೆಳಗಾದರೆ ಪೂಜೆಗೆ ಹೂವು ಕೊಯ್ಯಲು ಇಲ್ಲಿಗೇ ಬರುವುದು. ಆ ಬೇಲಿಯನ್ನು ದೊಡ್ಡ ಕತ್ತರಿಯಲ್ಲಿ ಸವರಿ ಸವರಿ ಅತ್ತೆಯ ಬಲಭುಜ ಹಿಡಿದುಕೊಂಡಿತು. ಬೇಲಿ ರಸ್ತೆಗೆ ಬಾಗಿತು. ಮಾವ ಇದನ್ನೇ ಕಾಯುತ್ತಿದ್ದವನಂತೆ ಒಂದು ಲೋಡು ಚಿರೆಕಲ್ಲು ತರಿಸಿ ಅಂಗಳದಲ್ಲಿ ಇಳಿಸಿಬಿಟ್ಟ.

"ನಿನ್ನ ಹತ್ರ ಸವರೂಲೆ ಆಗ್ತಿಲ್ಲೆ. ಬೇಲಿ ತೆಗೆಸಿ ಕಂಪೌಂಡು ಕಟ್ಟಸ್ತೆ" ಎಂದ.

"ನಿಂಗಳ ಕಂಪೌಂಡು ಹೂ ಬಿಡ್ತ?" ಎಂದಳು ಅತ್ತೆ.

ಮೂರು ದಿನ ವಾದ ನಡೆಯಿತು. ಕೊನೆಗೆ ಅತ್ತೆಯೇ ರಾಜಿ ಸೂತ್ರ ಹೇಳಿದಳು. "ಆನು ಮಶೀನು ತಗತ್ತೆ. ಮಶೀನಲ್ಲೂ ಸವರೂಲೆ ಆಗ್ತಿಲ್ಲೆ ಹೇಳಿ ಆದ ದಿನ ನಿಂಗ ಕಲ್ಲು ಕಟ್ಟಿ." ಮಾವ ಒಪ್ಪಿದ. ಕಲ್ಲನ್ನು ಮಾತ್ರ ವಾಪಸು ಕಳಿಸಲಿಲ್ಲ. ಅಂಗಳದಲ್ಲಿ ಪೇರಿಸಿಟ್ಟು ಪ್ರತಿದಿನ ಅದರ ಮೇಲೆಯೇ ಕೂತು ಪೇಪರ್ ಓದತೊಡಗಿದ.

ಸಿದ್ದಾಪುರದಲ್ಲಿ ಟೀಚರಾಗಿರುವ ನಾನು ಭಾನುವಾರ ಬಂದಾಗ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯವನು ದಾಸನಕೊಪ್ಪದ ಕಡೆಯವನು, ಮಾತಿನಲ್ಲಿ ಮೆದು. ಪೆಟ್ರೋಲಿನ ಮಶೀನು ತೋರಿಸಿದ. ದೇವರ ಹೂವಿಗೆ ಪೆಟ್ರೋಲಿನ ವಾಸನೆ ಬೇಡ ಎಂದಳು. ವಯರಿನದು ತೋರಿಸಿ ಅವನೇ ಹಿಂದಕ್ಕಿಟ್ಟ. "ಇದು ಬ್ಯಾಡ ಬಿಡ್ರಿ ಅಮ್ಮಾರ. ಇದನ್ನ ಒಯ್ದವರು ಬೇಲಿಗಿಂತ ಮೊದ್ಲು ವಯರ್ ಕತ್ತರಸ್ತಾರ."

ಬ್ಯಾಟರಿಯವು ಮೂರು ಬಂದವು. ಅತ್ತೆ ಚೀಲದಿಂದ ಬಾಳೆಯೆಲೆಯಲ್ಲಿ ಸುತ್ತಿದ ಒಂದು ದಾಸವಾಳದ ಕಡ್ಡಿ ತೆಗೆದಳು. ಬೇಲಿಯಲ್ಲಿ ಸವರಬೇಕಾದದ್ದರಲ್ಲೆಲ್ಲ ದಪ್ಪನೆಯ ಕಡ್ಡಿ ಅದು. ಮಶೀನಿನ ಹಲ್ಲುಗಳ ಸಂದಿಗೆ ಅದನ್ನಿಟ್ಟು ನೋಡಿದಳು. ಹಿಡಿಸದ ಮಶೀನು ಅಲ್ಲಿಗೇ ಫೇಲು. ಉಳಿದೆರಡರಲ್ಲಿ ಉದ್ದನೆಯದನ್ನು ಎತ್ತಿ, ಎರಡೂ ಕೈ ಮುಂದೆ ಚಾಚಿ ಹಿಡಿದು, ಕಣ್ಣು ಮುಚ್ಚಿ ಅಷ್ಟೋತ್ತರ ಶುರು ಮಾಡಿದಳು. ನಲವತ್ತನೆಯ ಹೆಸರಿಗೆ ಕೈ ನಡುಗಿತು, ಕೆಳಗಿಟ್ಟಳು. ಗಿಡ್ಡ ಅಲಗಿನದನ್ನು ಎತ್ತಿದಳು. ಮೊಳೆ ಕೊಳ್ಳಲು ಬಂದಿದ್ದ ಇಬ್ಬರು ಗಂಡಸರು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ನೂರೆಂಟೂ ಮುಗಿಯಿತು, ಕೈ ನಡುಗಲಿಲ್ಲ. ಅವರಿಬ್ಬರೂ ಪ್ರಸಾದ ಸಿಗಬಹುದೆಂದು ಸ್ವಲ್ಪ ಹೊತ್ತು ಕಾದರು ಎಂದು ನನ್ನ ಗುಮಾನಿ.

"ಒಂದ್ಸಲ ಚಾರ್ಜ್ ಮಾಡಿದ್ರ ನಲವತ್ತು ನಿಮಿಷ ಓಡ್ತದ್ರಿ" ಎಂದ ಅಂಗಡಿಯವನು.

"ನಿಮಿಷ ಬ್ಯಾಡ ತಮಾ, ಎಷ್ಟು ಸಹಸ್ರನಾಮ ಬತ್ತು ಹೇಳು."

ಅವನು ನನ್ನ ಮುಖ ನೋಡಿದ. "ಎರಡು" ಎಂದೆ ನಾನು.

"ನನ್ನ ಅಂಗಡ್ಯಾಗ ಇದನ್ನ ಯಾರೂ ಕೇಳಿಲ್ರಿ ಅಕ್ಕಾರ" ಎಂದು ಬಿಲ್ಲು ಬರೆದ.

ಎರಡು ಸಹಸ್ರನಾಮವೆಂದರೆ ಎರಡೇ ಸಹಸ್ರನಾಮ! ಗೇಟಿನ ಹತ್ತಿರ ಮೊದಲ ಹೆಸರು, ರಸ್ತೆ ತಿರುಗುವ ಮೂಲೆಗೆ ಮೊದಲ ಸಾವಿರ, ಆಚೆ ತುದಿಗೆ ಎರಡನೆಯ ಸಾವಿರ, ಮಶೀನು ಸುಮ್ಮನಾಗುವುದೂ ಅಲ್ಲೇ. ಮಶೀನಿನ ಸದ್ದಿನಲ್ಲಿ ದೇವರಿಗೆ ಕೇಳಬೇಕಲ್ಲ, ಹಾಗಾಗಿ ಗಟ್ಟಿ ಸ್ವರ. ಸವರುವ ಕೆಲಸ ಹೀಗೆ ನಲವತ್ತು ನಿಮಿಷದ್ದೇ. ಆದರೆ ಅದಕ್ಕೆ ಮೊದಲು ನಾಳೆ ಅರಳುವ ಮೊಗ್ಗುಗಳು ಅಲಗಿಗೆ ಸಿಗಬಾರದೆಂದು ಒಂದೊಂದನ್ನೇ ಕೊಯ್ದು ತಟ್ಟೆಗೆ ಹಾಕಿಕೊಳ್ಳುತ್ತಾಳೆ. ಅದಕ್ಕೆ ಎರಡು ತಾಸು. "ಮಶೀನು ತಂದು ಎಂತ ಉಳತ್ತು?" ಎಂದು ಮಾವ ಕಲ್ಲಿನ ಮೇಲಿಂದ ಕೇಳುತ್ತಾನೆ. "ಮೊಗ್ಗು ಉಳತ್ತು" ಎನ್ನುತ್ತಾಳೆ ಅತ್ತೆ.

ಇನ್ನು ಮಶೀನಿನ ಆರೈಕೆ. ಬಾಣಂತಿಗೂ ಅಷ್ಟು ಆರೈಕೆ ಸಿಕ್ಕಿರಲಿಕ್ಕಿಲ್ಲ. ದಾಸವಾಳದ ಲೋಳೆ ನಿಮಗೆ ಗೊತ್ತಲ್ಲ, ತಲೆಗೆ ಹಾಕಿದರೆ ತಂಪು, ಅಲಗಿಗೆ ಹಿಡಿದರೆ ಅಂಟು. ಕೆಲಸ ಮುಗಿದ ಕೂಡಲೇ ಬ್ಯಾಟರಿ ತೆಗೆದಿಟ್ಟು, ಮಾವನ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲು ಹಲ್ಲನ್ನೂ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿಸಿ, ಎಣ್ಣೆ ಸವರುತ್ತಾಳೆ. ಮಳೆಗಾಲದಲ್ಲಿ ಬ್ಯಾಟರಿಗೆ ಥಂಡಿ ತಾಗಬಾರದೆಂದು ಅರ್ಧ ಚಾರ್ಜು ಮಾಡಿ ರೇಷ್ಮೆ ಸೀರೆಯ ಕಪಾಟಿನಲ್ಲಿ ಇಡುತ್ತಾಳೆ, ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಅದೇ ಎಂದು. "ಆ ಕಪಾಟಲ್ಲಿ ಯನ್ನ ಅಂಗಿಗೆ ಮೂವತ್ತು ವರ್ಷಾತು ಜಾಗ ಸಿಕ್ಕಿದ್ದಿಲ್ಲೆ" ಎಂದು ಮಾವ ನನ್ನ ಹತ್ತಿರ ದೂರಿದ್ದಾನೆ.

ಒಂದು ಸಲ ಮಾತ್ರ ಆರೈಕೆಯೇ ಮುಳುವಾಯಿತು. ಮೊದಲ ವರ್ಷದ ಚಳಿಗಾಲ. ಬೆಳಿಗ್ಗೆ ಏಳಕ್ಕೆ ಅತ್ತೆ ಸ್ವಿಚ್ಚು ಒತ್ತಿದರೆ ಮಶೀನು ಗುರ್ ಎನ್ನುತ್ತದೆ, ಹಲ್ಲು ಅಲುಗುವುದಿಲ್ಲ. ಮಾವ ತಡಮಾಡಲಿಲ್ಲ. ಟೇಪು ಹಿಡಿದು ಕಂಪೌಂಡಿನ ಅಳತೆಗೆ ಹೊರಟೇಬಿಟ್ಟ! ಅತ್ತೆ ಅಳುವುದೊಂದು ಬಾಕಿ. ನಾನು ಅಲಗನ್ನು ಮುಟ್ಟಿ ನೋಡಿದೆ, ಬೆಳ್ಳಗೆ ಗಟ್ಟಿಯಾಗಿ ಏನೋ ಮೆತ್ತಿತ್ತು. ಅವಳು ಅಷ್ಟು ದಿನ ಸವರಿದ್ದು ತೆಂಗಿನೆಣ್ಣೆ! ಸಿರ್ಸಿಯ ಚಳಿಗೆ ತಲೆಗೆ ಹಚ್ಚುವ ಎಣ್ಣೆ ಬಾಟಲಿಯಲ್ಲೇ ಕಲ್ಲಾಗುವಾಗ ಅಲಗಿನ ಮೇಲಿನದು ಬಿಟ್ಟೀತೆ? ಬ್ಯಾಟರಿ ತೆಗೆದು, ಮಶೀನನ್ನು ಹಪ್ಪಳದ ಹಾಗೆ ಬಿಸಿಲಿಗೆ ಇಟ್ಟೆವು. ಹತ್ತು ಗಂಟೆಗೆ ಎಣ್ಣೆ ಕರಗಿತು, ಹಲ್ಲು ಆಡಿತು, ಮಾವ ಟೇಪು ಸುತ್ತಿಕೊಂಡ. ಅಂದಿನಿಂದ ಮಶೀನಿಗೆ ಹೊಲಿಗೆ ಯಂತ್ರದ ಎಣ್ಣೆ.

ಹೀಗೆ ನಾಲ್ಕು ವರ್ಷ ಸುಖವಾಗಿ ನಡೆಯಿತು. ಈ ಸಲ ಮಳೆಗಾಲ ಮುಗಿದ ಮೇಲೆ ನಾನು ಬಂದಾಗ ಅತ್ತೆ ಬಾಗಿಲಲ್ಲೇ ತಡೆದು, ಮಾವನಿಗೆ ಕೇಳದಂತೆ ಪಿಸುಗುಟ್ಟಿದಳು.

"ಕೂಸೇ, ಬ್ಯಾಟರಿ ಸೋತೋತು. ಎರಡು ಬತ್ತಿತ್ತು, ಈಗ ಒಂದೂವರೆಗೇ ನಿಂತೋಗ್ತು. ಆಚೆ ತುದಿ ಬೇಲಿ ಹಾಂಗೇ ಉಳತ್ತು. ನಿನ್ನ ಮಾವ ನೋಡಿದ್ರೆ ಕಲ್ಲು ಎತ್ತತ್ತ."

ನಲವತ್ತೈದು ವರ್ಷದ ಕೂಸು ನಾನು, ಮಶೀನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಅವನು ಪೂರ್ತಿ ಚಾರ್ಜು ಮಾಡಿ, ಗಡಿಯಾರ ನೋಡಿಕೊಂಡು ಓಡಿಸಿದ. ಮಶೀನು ನಿಂತ ಮೇಲೆ ನನ್ನ ಕಡೆ ತಿರುಗಿದ.

"ನಲವತ್ತು ನಿಮಿಷ ಆತ್ರಿ ಅಕ್ಕಾರ. ಹೊಸದಿದ್ದಾಗ ಎಷ್ಟಿತ್ತೋ ಅಷ್ಟ. ಬ್ಯಾಟರಿಗೆ ಏನೂ ಆಗಿಲ್ರಿ."

ಮತ್ತೆ ಚಾರ್ಜು ಮಾಡಿಸಿಕೊಂಡು ಬಂದೆ. "ಸಂಜೆ ಒಂದ್ಸಲ ಓಡಿಸಿ ನೋಡು ಅತ್ತೆ, ಆಮೇಲೆ ಅವ ಎಂತ ಹೇಳಿದ್ದ ಹೇಳ್ತೆ" ಎಂದೆ. ಸಂಜೆ ಮೊಗ್ಗು ಕೊಯ್ದಾದ ಮೇಲೆ ಅವಳು ಗೇಟಿನ ಹತ್ತಿರ ಶುರು ಮಾಡಿದಳು. ನಾನು ಹಿಂದೆ ನಿಂತು ಫೋನಿನಲ್ಲಿ ಹೊತ್ತು ನೋಡುತ್ತಿದ್ದೆ. ಇಪ್ಪತ್ತು ನಿಮಿಷವಾದಾಗ ರಸ್ತೆಯ ತಿರುವು ಇನ್ನೂ ದೂರವಿತ್ತು. ಮೊದಲ ಸಾವಿರ ಮುಗಿದದ್ದು ಇಪ್ಪತ್ತೇಳಕ್ಕೆ. ಹೆಸರೊಂದನ್ನೂ ಅವಳು ಬಿಟ್ಟಿರಲಿಲ್ಲ. ಆದರೆ ನಾಲ್ಕು ಹೆಸರಿಗೊಮ್ಮೆ ನಿಲ್ಲುತ್ತಿದ್ದಳು, ಉಸಿರು ತೆಗೆದುಕೊಳ್ಳುತ್ತಿದ್ದಳು, ಮತ್ತೆ ಹೇಳುತ್ತಿದ್ದಳು. ಅಷ್ಟು ಹೊತ್ತೂ ಬೆರಳು ಸ್ವಿಚ್ಚು ಬಿಡುತ್ತಿರಲಿಲ್ಲ, ಮಶೀನು ಸುಮ್ಮನೆ ಓಡುತ್ತಿತ್ತು. ಸೋತದ್ದು ಬ್ಯಾಟರಿಯಲ್ಲ.

ಮಾವ ಯಾವಾಗಲೋ ಕಲ್ಲಿನಿಂದ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ. ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ.

"ಯಂಗೆ ಮೊದಲೇ ಗೊತ್ತಿದ್ದು" ಎಂದ ಮೆಲ್ಲಗೆ. "ಅದೇ ಐದು ಅಷ್ಟೋತ್ತರಕ್ಕೆ ಬೆಳಗಿನ ಇಡ್ಲಿನೂ ಈಗ ಜಾಸ್ತಿ ಬೇಯ್ತು. ನಿನ್ನ ಅತ್ತೆಗೆ ಹೇಳಡ. ಡಾಕ್ಟರ ಹತ್ರ ಬುಧವಾರ ಕರ್ಕಂಡು ಹೋಗ್ತೆ, ಭುಜ ತೋರ್ಸೂಲೆ ಹೇಳಿ ನೆವ ಮಾಡಿ."

ಎರಡನೆಯ ಸಾವಿರದ ಅರ್ಧಕ್ಕೆ ಮಶೀನು ನಿಂತಿತು. ಅತ್ತೆ ತಿರುಗಿದಳು. ಮಾವನನ್ನು ಕಂಡು ಮುಖ ಸಣ್ಣದಾಯಿತು.

"ಆ ಚಿರೆಕಲ್ಲು ಚೊಲೋ ಇಲ್ಲೆ" ಎಂದ ಮಾವ ಬೇಲಿಯನ್ನು ನೋಡುತ್ತ. "ಎಲ್ಲ ಪುಡಿ ಪುಡಿ ಆಗ್ತಾ ಇದ್ದು. ನಾಳೆ ಬಂದು ತಗಂಡು ಹೋಗು ಹೇಳಿ ಕಲ್ಲಿನವಂಗೆ ಹೇಳಿದ್ದೆ. ಕಂಪೌಂಡು ಬ್ಯಾಡ."

ಅವನು ದಿನವೂ ಕೂರುವ ಕಲ್ಲು ಅದು, ಒಂದು ಚೂರೂ ಉದುರಿರಲಿಲ್ಲ. ಅತ್ತೆ ಅವನನ್ನೇ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು. "ಅಂಗಡಿಯವ ಎಂತ ಹೇಳ್ದ?"

"ಬ್ಯಾಟರಿ ಸ್ವಲ್ಪ ಹಳೇದಾತು ಹೇಳ್ದ ಅತ್ತೆ."

"ಆನು ಹೇಳಿದ್ನಲೆ" ಎಂದು ಅವಳು ಬ್ಯಾಟರಿ ಬಿಚ್ಚಿ ಸೆರಗಿನಲ್ಲಿ ಒರೆಸಿದಳು. "ಪಾಪ, ನಾಲ್ಕು ವರ್ಷ ದುಡಿತಲೆ. ಆದಷ್ಟು ಮಾಡ್ಲಿ. ಅದ್ಕೆ ಬೈಯಡ."

ಮಾವ ಒಳಗಿನಿಂದ ಕುರ್ಚಿ ತಂದು ಬೇಲಿಯ ಪಕ್ಕ ಹಾಕಿದ. ಅತ್ತೆ ಕೂತಳು. ಉಳಿದ ಬೇಲಿಯನ್ನು ನಾನು ಕತ್ತರಿ ಹಿಡಿದು ಸವರಿದೆ, ಉಳಿದ ಹೆಸರುಗಳನ್ನು ಅವಳು ಕೂತೇ ಹೇಳಿದಳು, ನಡುನಡುವೆ ನಿಂತು, ಉಸಿರು ತೆಗೆದುಕೊಂಡು. ಅಷ್ಟು ನಿಧಾನವಾಗಿ ಹೇಳಿದರೂ ಆ ಸಂಜೆ ಅದು ಬೇಗ ಮುಗಿದುಹೋಯಿತು ಎಂದೇ ನನಗೆ ಅನಿಸಿತು.