ನನ್ನ ಲ್ಯಾಪ್‌ಟಾಪೂ ಚೌಡಪ್ಪನವರ ಸಾವೂ

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿ ನನ್ನದು. ಸುತ್ತಲಿನ ಹಳ್ಳಿಗಳ ಎಷ್ಟೋ ಮದುವೆಗಳು ನನ್ನ ಬೆರಳ ತುದಿಯಿಂದಲೇ ಶುರುವಾಗುತ್ತವೆ ಎಂಬ ಹೆಮ್ಮೆಯೂ ನನಗಿತ್ತು. ಇಂಥ ನನ್ನ ಹಳೆಯ ಕಂಪ್ಯೂಟರ್ ಒಂದು ದಿನ ಸುಟ್ಟ ವಾಸನೆ ಬಿಟ್ಟು, ಟಪ್ ಎಂದು ಕಣ್ಣು ಮುಚ್ಚಿತು. ಬೇರೆಯವರಾಗಿದ್ದರೆ ದುಃಖಪಡುತ್ತಿದ್ದರು. ನಾನು ಒಳಗೊಳಗೇ ಕುಣಿದಾಡಿದೆ. ಹೊಸದು ಕೊಳ್ಳಬಹುದಲ್ಲ!

ಆದರೆ ಯಾವುದು? ಮೇಜಿನ ಮೇಲೆ ಕೂರುವ ಡೆಸ್ಕ್‌ಟಾಪೋ, ತೊಡೆಯ ಮೇಲೆ ಕೂರುವ ಲ್ಯಾಪ್‌ಟಾಪೋ? ವಾರವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಲ್ಯಾಪ್‌ಟಾಪ್ ಇದ್ದವರೆಲ್ಲ ಬೆಟ್ಟದ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತ ಕೆಲಸ ಮಾಡುತ್ತಿದ್ದರು. ಡೆಸ್ಕ್‌ಟಾಪಿನವರು ಗೋಡೆಗೆ ಮುಖ ಮಾಡಿ ಕೂತಿದ್ದರು. ನನ್ನ ಮನಸ್ಸು ಬೆಟ್ಟ ಹತ್ತಿಬಿಟ್ಟಿತು.

ನನ್ನ ಹೆಂಡತಿ ಪದ್ಮ ಪಲಮನೇರಿನ ಕಡೆಯವಳು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನನ್ನು ಕರೆಯುವುದು ತೆಲುಗಿನಲ್ಲೇ.

"ಏಮಂಡಿ, ಕೂತ್ಕೊಂಡು ಮಾಡೋ ಕೆಲಸಕ್ಕೆ ಓಡಾಡೋ ಕಂಪ್ಯೂಟರ್ ಯಾಕೆ?" ಎಂದಳು.

"ಗಿರಾಕಿ ನಮ್ಮ ಹತ್ರ ಬರೋ ಕಾಲ ಹೋಯ್ತು ಕಣೇ! ಇನ್ಮೇಲೆ ನಾನೇ ಅವರ ಮನೆಗೆ ಹೋಗ್ತೀನಿ. ಅವರ ಜಗಲಿ ಮೇಲೆ ಕೂತು ಟೈಪ್ ಮಾಡ್ತೀನಿ. ಅಲ್ಲೇ ಓಕೆ ಮಾಡಿಸ್ತೀನಿ!"

"ಅಲ್ಲೇ ಬೈಸ್ಕೊಂಡೂ ಬರ್ತೀರ."

ದೂರದೃಷ್ಟಿ ಇಲ್ಲದ ಹೆಂಗಸು ಎಂದುಕೊಂಡು ಲ್ಯಾಪ್‌ಟಾಪನ್ನೇ ತಂದೆ. ಅದರ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕಾರಣವಿಲ್ಲದೆ ಬಸ್ ನಿಲ್ದಾಣಕ್ಕೆ ಒಂದು ಸುತ್ತು ಹಾಕಿದೆ. ಪರಿಚಯದವರೊಬ್ಬರು ಕೇಳಿದರು: "ಏನ್ ಮಂಜಣ್ಣ, ಇನ್ಶೂರೆನ್ಸ್ ಮಾಡಿಸೋ ಕೆಲಸಕ್ಕೆ ಸೇರಿದ್ಯಾ?" ಅಸೂಯೆ ಎಂದುಕೊಂಡೆ.

ಮೊದಲ ದಿಗ್ವಿಜಯ ಆವನಿ ಎಂಬ ಹಳ್ಳಿಗೆ. ಅಲ್ಲಿ ಹಿಪ್ಪುನೇರಳೆ, ಟೊಮೆಟೊ ಬೆಳೆಯುವ ಕೃಷ್ಣಪ್ಪನವರ ಮಗಳು ರೂಪಾಳಿಗೆ ತಾಯಲೂರಿನ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. "ಕಾರ್ಡ್ ಮಾಡಿಸೋಕೆ ನೀವು ಬರೋದೇ ಬೇಡ, ನಾನೇ ಬರ್ತೀನಿ!" ಎಂದು ಫೋನಿನಲ್ಲಿ ಘೋಷಿಸಿ ಸ್ಕೂಟರ್ ಹತ್ತಿದೆ.

ನಾನು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಲ್ಯಾಪ್‌ಟಾಪ್ ತೆರೆದಾಗ ಮನೆಮಂದಿಯೆಲ್ಲ ಮುತ್ತಿಕೊಂಡರು. ಪಕ್ಕದ ಮನೆಯವರೂ ಬಂದರು. ಒಬ್ಬರು ಪರದೆ ಮುಟ್ಟಿದರು, ಇನ್ನೊಬ್ಬರು ಹಿಂದೆ ಏನಿದೆ ಎಂದು ಬಗ್ಗಿ ನೋಡಿದರು. ನನ್ನ ಸಂಭ್ರಮಕ್ಕೆ ಮಿತಿಯೇ ಇರಲಿಲ್ಲ. ಒಂದೇ ತೊಂದರೆ. ಇದುವರೆಗೆ ನನ್ನ ಕೈ ಮೌಸ್ ಹಿಡಿದೇ ಪಳಗಿದ್ದು. ಲ್ಯಾಪ್‌ಟಾಪಿನಲ್ಲಿ ಬೆರಳಿನಿಂದ ಸವರುವ ಒಂದು ಪಟ್ಟಿ ಇರುತ್ತದೆ. ಅದರ ಮೇಲೆ ಅಂಗೈ ಸೋಕಿದರೂ ಸಾಕು, ಪರದೆಯ ಮೇಲಿನ ಬಾಣ ಕುರಿಮರಿಯಂತೆ ನೆಗೆಯುತ್ತಿತ್ತು.

ಆದರೂ ಪತ್ರಿಕೆ ಸೊಗಸಾಗಿ ಬಂತು. ಮೇಲೆ ಗಣಪತಿ, ಕೆಳಗೆ 'ದಿವಂಗತ ಮುನಿಶಾಮಪ್ಪನವರ ಮೊಮ್ಮಗಳು' ಎಂದು ರೂಪಾಳ ಹೆಸರು. ಅದರ ಕೆಳಗೆ ಸುಖಾಗಮನ ಬಯಸುವವರಲ್ಲಿ ಮೊದಲನೆಯದೇ ಕೃಷ್ಣಪ್ಪನವರ ಅಣ್ಣ, ಶ್ರೀನಿವಾಸಪುರದಲ್ಲಿ ಮಾವಿನ ತೋಪು ಇಟ್ಟಿರುವ ಚೌಡಪ್ಪನವರದು. ಎಲ್ಲರೂ ಓದಿ ತಲೆಯಾಡಿಸಿದರು.

ಅಷ್ಟರಲ್ಲಿ ಕೃಷ್ಣಪ್ಪನವರ ತಂಗಿ ಸರೋಜಮ್ಮ, "ನಮ್ಮ ದೊಡ್ಡಣ್ಣನ ಹೆಸರು ಇರುವೆ ತರ ಕಾಣ್ತೈತೆ. ಇನ್ನೊಂಚೂರು ದಪ್ಪ ಮಾಡಪ್ಪ," ಎಂದರು.

"ಅದೇನ್ ಮಹಾ ಕೆಲಸ, ಸರೋಜಕ್ಕ! ಕಣ್ಣು ಮುಚ್ಚಿಕೊಂಡು ಮಾಡ್ತೀನಿ!"

ಮಾಡಿದ್ದೂ ಹಾಗೆಯೇ. ಬೆರಳು ಸವರಿದೆ, ಅಂಗೈ ಸೋಕಿತು, ಏನೋ ಒಂದು ಪಳಕ್ ಎಂದಿತು. ಹೆಸರಂತೂ ದಪ್ಪವಾಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದ ಆ ಗಳಿಗೆಯಲ್ಲಿ ಮತ್ತೆ ಓದಿ ನೋಡುವುದು ನನ್ನ ಘನತೆಗೆ ಕಡಿಮೆ ಎನಿಸಿತು. "ಬೀಗರಿಗೂ ನೆಂಟರಿಗೂ ಈಗಲೇ ಕಳಿಸಿಬಿಡ್ಲಾ?" ಎಂದೆ. "ಕಳ್ಸು!" ಎಂದರು. ಮೊಬೈಲಿನಿಂದ ಇಂಟರ್ನೆಟ್ ಕೊಟ್ಟು ಮದುವೆಯ ವಾಟ್ಸಾಪ್ ಗುಂಪಿಗೆ ಕಳಿಸಿಯೇಬಿಟ್ಟೆ. ಕೋಲಾರದಿಂದ ಪುಂಗನೂರಿನವರೆಗಿನ ನೆಂಟರೆಲ್ಲ ಅದರಲ್ಲಿದ್ದರು.

ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಎರಡನೇ ಮುದ್ದೆಗೆ ಕೈ ಹಾಕಿದ್ದೆ. ತಾಯಲೂರಿನ ಬೀಗರು ಫೋನ್ ಮಾಡಿದರು. ಕೃಷ್ಣಪ್ಪನವರು ಸಡಗರದಿಂದ ಸ್ಪೀಕರ್ ಹಾಕಿದರು.

"ಕೃಷ್ಣಪ್ಪನೋರೇ, ಈಗ ನೋಡಿದ್ವಿ. ಯಾವಾಗಾಯ್ತು?" ಬೀಗರ ದನಿ ಮೆಲ್ಲಗಿತ್ತು.

"ಈಗ್ಲೇ ಆಯ್ತು ಬೀಗ್ರೇ, ಊಟಕ್ಕೆ ಮುಂಚೆ! ಎಲ್ಲಾ ನಮ್ಮ ಮಂಜಣ್ಣಂದೇ ಕೈವಾಡ!"

ಬೀಗರ ದನಿ ಇನ್ನೂ ತಗ್ಗಿತು.

"ಮಂಜಣ್ಣ ಅಂದ್ರೆ ಯಾರು?"

"ಮುಳಬಾಗಿಲಿನೋರು. ಇಲ್ಲೇ ಕೂತು ಮುದ್ದೆ ತಿಂತಾ ಅವ್ರೆ."

"ಧೈರ್ಯ ತಗೊಳ್ಳಿ ಕೃಷ್ಣಪ್ಪನೋರೇ..."

"ಧೈರ್ಯ ಯಾಕೆ? ಮನೇಲಿ ಎಲ್ರಿಗೂ ಬಲು ಖುಷಿಯಾಗೈತೆ!"

"ಒಡಹುಟ್ಟಿದ ಅಣ್ಣ ಹೋಗಿರೋವಾಗ ಖುಷಿ ಏನ್ರೀ!"

ನಾನು ಮುದ್ದೆ ಬಿಟ್ಟು ಎದ್ದೆ. ಎಂಜಲು ಕೈಯಲ್ಲೇ ಓಡಿ ಪರದೆ ನೋಡಿದೆ. ಮುನಿಶಾಮಪ್ಪನವರ ಹೆಸರಿನ ಮುಂದಿದ್ದ 'ದಿವಂಗತ' ಎಂಬ ಪದ ಅಲ್ಲಿರಲಿಲ್ಲ. ನನ್ನ ಅಂಗೈಗೆ ಸಿಕ್ಕಿ, ಜಾರಿ, ಕೆಳಗಿಳಿದು ಚೌಡಪ್ಪನವರ ಹೆಸರಿನ ಮುಂದೆ ಕೂತಿತ್ತು. ದಪ್ಪ ಅಕ್ಷರಗಳಲ್ಲಿ! ಒಂದೇ ಸಲ ಸವರಿ ತೀರಿಕೊಂಡವರನ್ನು ಬದುಕಿಸಿ, ಬದುಕಿದ್ದವರನ್ನು ತೀರಿಸಿಬಿಟ್ಟಿದ್ದೆ!

"ತಪ್ಪಾಗೈತೆ, ನಮ್ಮಣ್ಣ ಗುಂಡುಕಲ್ಲಿನಂಗವ್ನೆ," ಎಂದು ಕೃಷ್ಣಪ್ಪನವರು ಕೂಗಿದರು. ಬೀಗರಿಗೆ ನಂಬಿಕೆ ಬರಲಿಲ್ಲ. "ಮದುವೆ ನಿಲ್ಲಬಾರದು ಅಂತ ಮುಚ್ಚಿಡ್ತಿದೀರ. ನಮ್ಮಮ್ಮ ಸೂತಕದ ಮನೆ ಹೆಣ್ಣು ಬೇಡ, ಮುಂದಿನ ವರ್ಷ ನೋಡೋಣ ಅಂತಾವ್ರೆ," ಎಂದು ಫೋನ್ ಇಟ್ಟುಬಿಟ್ಟರು. ಬಾಗಿಲ ಬಳಿ ನಿಂತಿದ್ದ ರೂಪಾ ಒಳಗೆ ಹೋದಳು. ಆ ಹುಡುಗಿಯ ಮುಖ ನೋಡಿ ನಾನು ಲ್ಯಾಪ್‌ಟಾಪನ್ನು ಮತ್ತೆ ತೊಡೆಗೆ ಎಳೆದುಕೊಂಡೆ.

ಸರಿಮಾಡಿ ಕಳಿಸೋಣವೆಂದರೆ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯಿತು. ಚಾರ್ಜರಿನದು ಮೂರು ಕಾಲಿನ ಪ್ಲಗ್ಗು, ಜಗಲಿಯ ಗೋಡೆಯಲ್ಲಿ ಎರಡೇ ತೂತು! ಕೊನೆಗೆ ಮೊಬೈಲಿನಲ್ಲೇ ಗುಂಪಿಗೆ ಬರೆದೆ: 'ಚೌಡಪ್ಪನವರು ಬದುಕಿದ್ದಾರೆ.'

ತಕ್ಷಣ ಪುಂಗನೂರಿನಿಂದ ಉತ್ತರ ಬಂತು: 'ಹೌದು, ಒಳ್ಳೆಯವರು ನಮ್ಮ ಮನಸ್ಸಿನಲ್ಲಿ ಸದಾ ಬದುಕಿರುತ್ತಾರೆ.' ಅದರ ಕೆಳಗೆ ಸಾಲು ಸಾಲಾಗಿ ಕೈಮುಗಿದ ಚಿತ್ರಗಳು!

ಚೌಡಪ್ಪನವರಿಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಸರೋಜಮ್ಮನಿಗೆ ಗಾಬರಿ ಹತ್ತಿತು. "ನಿಜವಾಗ್ಲೂ ಏನಾದ್ರೂ ಆಗೋಯ್ತಾ? ಈ ಮಿಷನ್ನಿಗೆ ಮೊದ್ಲೇ ಗೊತ್ತಾಗುತ್ತಾ?" ಎಂದು ಅಳಲು ಶುರುಮಾಡಿದರು. ಅವರನ್ನು ನೋಡಿ ಪಕ್ಕದ ಮನೆಯವರೂ ಅತ್ತರು. ನನಗೂ ಅಳು ಬಂತು. ಕಾರಣ ಬೇರೆ.

ಅಳು ತಾರಕಕ್ಕೇರಿದಾಗ ಬೀದಿಯಲ್ಲಿ ಬೈಕ್ ನಿಂತ ಸದ್ದು. ಬಿಳಿ ಪಂಚೆ, ಹುರಿ ಮೀಸೆಯ ಆಸಾಮಿಯೊಬ್ಬರು ದಡದಡನೆ ಒಳಬಂದರು.

"ಎವಡ್ರಾ ನನ್ನ ಚಂಪಿನೋಡು? ನನ್ನ ಸಾಯ್ಸಿದೋನು ಯಾವನ್ಲಾ?"

ಸಾಕ್ಷಾತ್ ಚೌಡಪ್ಪನವರು! ಮನೆಯವರೆಲ್ಲ ನನ್ನ ಕಡೆ ಕೈ ತೋರಿಸಿದರು. ಆ ಮನೆಯಲ್ಲಿ ಅಂಥ ಒಗ್ಗಟ್ಟನ್ನು ಬೆಳಗಿನಿಂದ ನಾನು ಕಂಡಿರಲಿಲ್ಲ.

"ದಾರಿಯುದ್ದಕ್ಕೂ ಫೋನು, ಎತ್ತಿದ್ದು ಹೆಂಡತೀದೊಂದೇ! ನಮ್ಮ ಮನೆ ಮುಂದೆ ಯಾವನೋ ಚಟ್ಟಕ್ಕೆ ಬಿದಿರು ಇಳಿಸವ್ನೆ! ನನ್ನ ಹೆಂಡತಿ ಅವನ ಹತ್ರ ಜಗಳಕ್ಕೆ ನಿಂತವ್ಳೆ!"

ನಾನು ಕೈಮುಗಿದು ನಡೆದದ್ದನ್ನೆಲ್ಲ ವಿವರಿಸಿದೆ. ಮೂಲೆಯಲ್ಲಿ ಕೂತಿದ್ದ ಮುನಿಯಮ್ಮಜ್ಜಿ, ಅಂದರೆ ತೀರಿಹೋದ ಮುನಿಶಾಮಪ್ಪನವರ ಹೆಂಡತಿ, ಆಗ ಮೊದಲ ಬಾರಿ ಬಾಯಿ ಬಿಟ್ಟರು.

"ಹಂಗಾದ್ರೆ ನಮ್ಮನೆಯೋರ ಹೆಸರಿನ ಜತೆ ಆ ಮಾತು ಇಲ್ವಾ?"

"ಇಲ್ಲಜ್ಜಿ, ಜಾರಿಬಿಟ್ಟಿದೆ. ಈಗಲೇ ಹಾಕ್ತೀನಿ."

"ಯಾಕಪ್ಪ ಹಾಕ್ತೀಯ? ಮೊಮ್ಮಗಳ ಮದುವೆ ಮುಗಿಯೋಗಂಟ ಇರ್ಲಿ ಬಿಡು. ಆಮೇಲೆ ಬೇಕಾದ್ರೆ ಹೋಗ್ಲಿ."

ಅಷ್ಟು ಹೊತ್ತು ಗುಡುಗುತ್ತಿದ್ದ ಚೌಡಪ್ಪನವರು ಅವ್ವನ ಪಕ್ಕ ಹೋಗಿ ಕೂತರು.

ನನಗೆ ಧೈರ್ಯ ಬಂತು. "ಬೀಗರಿಗೆ ವಿಡಿಯೋ ಕಾಲ್ ಮಾಡೋಣ. ಲ್ಯಾಪ್‌ಟಾಪಿನಲ್ಲಿ!" ಎಂದೆ. ಮೊಬೈಲ್ ಸಾಕಿತ್ತು. ಆದರೆ ನನ್ನ ಲ್ಯಾಪ್‌ಟಾಪಿನ ಮರ್ಯಾದೆಯ ಪ್ರಶ್ನೆ! ಒಳಗೆ ಮಿಕ್ಸಿಯ ಪ್ಲಗ್ ಕಿತ್ತು ಚಾರ್ಜರ್ ಹಾಕಿ ತೆರೆದೆ. ಅಷ್ಟರಲ್ಲಿ ಅಜ್ಜಿ ಕುಂಕುಮದ ಬಟ್ಟಲು ತಂದು, ಗಂಡನನ್ನು ಬದುಕಿಸಿದ ಯಂತ್ರದ ಹಣೆಗೆ ಭಕ್ತಿಯಿಂದ ಒಂದು ಬೊಟ್ಟಿಟ್ಟರು. ಲ್ಯಾಪ್‌ಟಾಪಿನ ಹಣೆಯಲ್ಲಿ ಇರುವುದು ಕ್ಯಾಮೆರಾ. ಗಡಿಬಿಡಿಯಲ್ಲಿ ನಾನು ಅದನ್ನು ಒರೆಸಲಿಲ್ಲ.

ಬೀಗರು ಕರೆ ಎತ್ತಿದರು. ಅವರಿಗೆ ಕಂಡದ್ದು ಕೆಂಪು ಮಂಜಿನ ನಡುವೆ ತೇಲುವ ಒಂದು ಮುಖ, ಒಂದು ಮೀಸೆ. ಚೌಡಪ್ಪನವರು "ನಾನ್ ಚೆನ್ನಾಗಿದೀನಿ" ಎನ್ನಲು ಬಾಯಿ ತೆರೆದಾಗ ನೆಟ್‌ವರ್ಕ್ ಹೋಗಿ, ಅರೆಕಣ್ಣು ಮುಚ್ಚಿ ಬಾಯಿ ತೆರೆದ ಚಿತ್ರ ಹಾಗೆಯೇ ನಿಂತಿತು. ಆ ಕಡೆಯಿಂದ ಬೀಗರ ತಾಯಿಯ ಚೀತ್ಕಾರವೊಂದೇ ಕೇಳಿಸಿತು: "ಅಯ್ಯಯ್ಯೋ, ಹೆಣ ತೋರಿಸ್ತಾವ್ರೆ!"

ಕರೆ ಕಡಿಯಿತು. ಚೌಡಪ್ಪನವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಈ ಡಬ್ಬಾನ ಎಲ್ಲಿಗೆ ಬೇಕಾದ್ರೂ ಹೊತ್ಕೊಂಡು ಹೋಗ್ಬೋದಾ?"

"ಹೌದಣ್ಣ."

"ಅದನ್ನ ಇಲ್ಲೇ ಇಡು. ನನ್ನ ಹೊತ್ಕೊಂಡು ಹೋಗು."

ನನ್ನ ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು ತಾಯಲೂರಿಗೆ ಹೊರಟೆ. ದಾರಿಯಲ್ಲಿ ಗುರುತಿನವರು ಸಿಕ್ಕಲ್ಲೆಲ್ಲ ಅವರು ಗಾಡಿ ನಿಲ್ಲಿಸಿ, "ನೋಡ್ಕೊಳ್ರಪ್ಪಾ, ಉಸಿರಾಡ್ತಿದೀನಿ!" ಎಂದು ಎದೆ ತಟ್ಟಿ ತೋರಿಸುತ್ತಿದ್ದರು. ಬೀಗರ ಮನೆಯಲ್ಲಿ ಆ ಮುದುಕಿ ಅವರ ಕೈ ಚಿವುಟಿ ನೋಡಿದರು. ಸಾಲದೆಂದು ಮುದ್ದೆ ಬಡಿಸಿದರು. ಚೌಡಪ್ಪನವರು ಎರಡು ಮುದ್ದೆ ಮುಗಿಸಿ ಮೂರನೆಯದನ್ನು ಕೇಳಿದಾಗಲೇ ಮುದುಕಿಯ ಮುಖ ಅರಳಿತು. "ಸತ್ತೋರು ಇಷ್ಟು ತಿನ್ನಲ್ಲ. ಮದುವೆ ಆಗ್ಲಿ!"

ನನಗೆ ಯಾರೂ ಎಲೆ ಹಾಕಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಹೇಳಿದ ಮುಹೂರ್ತದಲ್ಲೇ ಮದುವೆ ನಡೆಯಿತು. ರೂಪಾ ನಕ್ಕಳು. ಚೌಡಪ್ಪನವರು ಛತ್ರದಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ, "ನನ್ನ ಕೊಂದೋನು ಇವ್ನೇ," ಎಂದು ಎಲ್ಲರಿಗೂ ಪರಿಚಯ ಮಾಡಿಕೊಟ್ಟರು. ಆಶ್ಚರ್ಯವೆಂದರೆ ಅದರಿಂದ ಅಂಗಡಿಗೆ ಗಿರಾಕಿ ಹೆಚ್ಚಿದರು! ಎಲ್ಲರದೂ ಒಂದೇ ಷರತ್ತು: "ಮೇಡಮ್ಮೋರು ಓದಿ ನೋಡಿದ ಮೇಲೇ ಪ್ರಿಂಟು." ಓದಿ ನೋಡುತ್ತ ನೋಡುತ್ತ ಪದ್ಮ ಲ್ಯಾಪ್‌ಟಾಪಿನಲ್ಲಿ ತಾನೇ ಟೈಪ್ ಮಾಡತೊಡಗಿದಳು. ಅವಳ ಅಂಗೈ ಎಲ್ಲಿಯೂ ಸೋಕುವುದಿಲ್ಲ. ಅದು ಹೇಗೋ ದೇವರಿಗೇ ಗೊತ್ತು.

ನಾನು ಹಟ ಹಿಡಿದು ಡೆಸ್ಕ್‌ಟಾಪೊಂದನ್ನು ತಂದೆ. ದೊಡ್ಡ ಪರದೆ, ದೊಡ್ಡ ಡಬ್ಬ, ಸ್ವಂತ ಮೌಸ್! ಮೊದಲ ದಿನ ಪೂಜೆ ಮಾಡಿ, ಕುರ್ಚಿ ಎಳೆದುಕೊಂಡು, ತುಂಬಿದ ಅಂಗಡಿಯ ಎದುರು ಗತ್ತಿನಿಂದ ಸ್ವಿಚ್ ಒತ್ತಿದೆ. ಕರೆಂಟ್ ಹೋಯಿತು.

ಗಿರಾಕಿಗಳೆಲ್ಲ ಎದ್ದು, ಬ್ಯಾಟರಿಯ ಮೇಲೆ ನಿಶ್ಚಿಂತೆಯಿಂದ ಟೈಪ್ ಮಾಡುತ್ತಿದ್ದ ಪದ್ಮಳ ಸುತ್ತ ಕೂತರು. ಅವಳು ತಲೆ ಎತ್ತದೆ ಹೇಳಿದಳು:

"ಏಮಂಡಿ, ಖಾಲಿ ಕೂತಿದೀರಲ್ಲ, ಎಲ್ರಿಗೂ ಟೀ ಹೇಳ್ಬಿಟ್ಟು ಬನ್ನಿ."

ಹೋದೆ. ಹೇಳಿದೆ. ಟೀಯವನು ಲೋಟಗಳ ತಟ್ಟೆಯನ್ನೂ ನನ್ನ ಕೈಗೇ ಕೊಟ್ಟ.