ಹರಗೋಲಿನಲ್ಲಿ ಮಾವ, ಫೋನಿನಲ್ಲಿ ಹೆಂಡತಿ

ನಗೆಪಾಟಲಾಗುವುದಕ್ಕೆ ನಾನು ಎಲ್ಲಿಗೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ವಿಳಾಸ ಕೇಳಿಕೊಂಡು ನನ್ನ ಹತ್ತಿರ ಬರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ನಾನು ಕಟಿಂಗ್ ಮಾಸ್ಟರ್. ಕೈಯಲ್ಲಿ ಕತ್ತರಿ ಇರುವವರೆಗೆ ಯಾರೂ ನನ್ನನ್ನು ನೋಡಿ ನಗುವುದಿಲ್ಲ. ಆದರೆ ಸಿರುಗುಪ್ಪದ ನಮ್ಮ ಮಾವನವರ ಜೊತೆ ತುಂಗಭದ್ರೆಯಲ್ಲಿ ಗಾಳ ಹಿಡಿಯಲು ಕಲಿಯತೊಡಗಿದ ಮೇಲೆ, ಇಂಥವು ಭಾನುವಾರಕ್ಕೊಂದರಂತೆ ಆಗುತ್ತಲೇ ಬಂದಿವೆ.

ಮೊದಲು ಮಾವನವರ ಬಗ್ಗೆ ಹೇಳಬೇಕು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ಸಿರುಗುಪ್ಪದಿಂದ ತೆಕ್ಕಲಕೋಟೆ, ಕುರುಗೋಡು ಮೇಲೆ ಬಳ್ಳಾರಿಗೆ ಹೋಗುವ ಬಸ್ಸು ಅವರದು. "ನನ್ನ ಗಾಡ್ಯಾಗ ಹಿಂದಿನ ಸೀಟಿನ ಮ್ಯಾಲೆ ನೊಣ ಕುಂತ್ರೂ ಕನ್ನಡ್ಯಾಗ ಕಾಣ್ತೈತಿ" ಎನ್ನುವುದು ಅವರ ಹೆಮ್ಮೆ. ಆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಅವರ ಮಗಳು ಬಳ್ಳಾರಿಯ ಕಾಲೇಜಿಗೆ ಹೋಗುತ್ತಿದ್ದಳು. ಕುರುಗೋಡಿನಲ್ಲಿ ನಾನು ಹತ್ತುತ್ತಿದ್ದೆ. ನೊಣವನ್ನೂ ಬಿಡದ ಆ ಕನ್ನಡಿಯ ಕೆಳಗೇ, ಅವರ ಬೆನ್ನ ಹಿಂದೆಯೇ, ನಮ್ಮ ಪ್ರೀತಿ ಬೆಳೆದು ಮದುವೆಯವರೆಗೆ ಬಂತು. ನಮ್ಮದು ಲಿಂಗ ಕಟ್ಟಿದ ಮನೆ, ಅವರದು ಮೀನು ತಿನ್ನುವ ಮನೆ. ಮಾವನವರಿಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಕನ್ನಡಿಯಲ್ಲಿ ಕಾಣಲಿಲ್ಲವಲ್ಲ, ಅದಕ್ಕೆ.

ಮದುವೆಯಾಗಿ ವರ್ಷಗಳು ಕಳೆದರೂ ಅವರು ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ, ಬಳ್ಳಾರಿಯ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಗಳ ಜೊತೆ ಮಾತ್ರ ದಿನಾ ಫೋನಿನಲ್ಲಿ ಹರಟೆ. ಅಪ್ಪ ನಮ್ಮ ಮನೆಯಲ್ಲಿ ಕೂತು ತಾನು ಬಡಿದ ಒಂದು ರೊಟ್ಟಿ ತಿಂದರೆ ಸಾಕು ಎಂದು ನನ್ನ ಹೆಂಡತಿ ಹಬ್ಬ ಬಂದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗ ಮಾತ್ರ ನನಗೆ ಯಾವ ತಮಾಷೆಯೂ ಬೇಡವಾಗುತ್ತಿತ್ತು.

ದಾರಿ ಹುಡುಕಿದವರು ನಮ್ಮ ಅತ್ತೆ. ಮಾವನವರಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ, ಒಬ್ಬರೇ ಹೊಳೆಗೆ ಹೋಗಕೂಡದು, ಅಳಿಯನನ್ನು ಕರೆದುಕೊಂಡು ಹೋಗಿ ಗಾಳ ಕಲಿಸಿರಿ ಎಂದು ಹಟ ಹಿಡಿದರು. ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ್ದು ಬೇರೆ: "ಮನ್ಯಾಗಾದ್ರ ನಿಮ್ಮನ್ನ ನೋಡಿ ಎದ್ದು ಹೊರಗ ಹೋಗ್ತಾರ. ಹೊಳ್ಯಾಗ ಎದ್ದು ಎಲ್ಲಿಗಿ ಹೋಗ್ತಾರ್ರಿ?"

ಎರ

ಮೊದಲನೇ ಪಾಠದ ಹಿಂದಿನ ದಿನ ಮಾವನವರು ಮಗಳಿಗೆ ಫೋನ್ ಮಾಡಿದರು. ಅವಳು ನನಗೆ ದಾಟಿಸಿದಳು: "ಬರೋವಾಗ ಎರ ತರಬೇಕಂತ್ರಿ."

ಹೊಳೆಯ ಆಚೆಗಿನ ತೆಲುಗು ಸಿರುಗುಪ್ಪದವರ ಬಾಯಿಗೆ ಅನ್ನದಷ್ಟೇ ರೂಢಿ. ಅವರಿಗೆ ಎರ ಎಂದರೆ ಗಾಳಕ್ಕೆ ಚುಚ್ಚುವ ಹುಳ. ಕುರುಗೋಡಿನ ಒಕ್ಕಲಿನ ಮನೆಯಲ್ಲಿ ಹುಟ್ಟಿದ ನನ್ನ ಕಿವಿಗೆ ಅದು ಎರಿ ಎಂದೇ ಕೇಳಿಸಿತು. ಎರಿ ಎಂದರೆ ನಮ್ಮ ಹೊಲದ ಕಪ್ಪು ಮಣ್ಣು. ಹೊಳೆಗೆ ಇಳಿಯುವ ಮೊದಲು ಗಂಗವ್ವನಿಗೆ ತಮ್ಮ ತಮ್ಮ ಹೊಲದ ಮಣ್ಣು ಅರ್ಪಿಸುವ ಪದ್ಧತಿ ಅವರ ಕಡೆ ಇರಬೇಕು ಅಂದುಕೊಂಡೆ. ಎಂಥ ದೊಡ್ಡ ಸಂಸ್ಕಾರ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಕಡಿಮೆ ಒಯ್ದರೆ ಬೀಗರ ಮುಂದೆ ಮರ್ಯಾದೆ ಹೋಗುತ್ತದೆ ಎಂದು, ಊರಿಗೆ ಹೋಗಿ ಅಕ್ಕಿ ಚೀಲದ ತುಂಬ ಎರಿ ಮಣ್ಣು ತುಂಬಿಸಿಕೊಂಡು ಬಸ್ಸು ಹತ್ತಿದೆ.

ಕೆಂಚನಗುಡ್ಡದ ಹತ್ತಿರ ದಂಡೆಯಲ್ಲಿ ಮಾವನವರು ಕಾಯುತ್ತಿದ್ದರು. ಪಕ್ಕದಲ್ಲಿ ಅವರ ಹರಗೋಲು, ಕೆಳಗೆ ಡಾಂಬರು ಬಳಿದ ದೊಡ್ಡ ದುಂಡು ಬುಟ್ಟಿ. ನಾನು ಚೀಲ ಇಳಿಸಿ, ಬಾಯಿ ಬಿಚ್ಚಿ, ಭಕ್ತಿಯಿಂದ ತೋರಿಸಿದೆ. ಅವರು ಚೀಲ ನೋಡಿದರು, ಹೊಳೆ ನೋಡಿದರು, ಮತ್ತೆ ಚೀಲ ನೋಡಿದರು. ನಾನು ಕೈಯಳತೆಯಲ್ಲೇ ನಿಂತಿದ್ದೆ. ಆದರೂ ಜೇಬಿನಿಂದ ಫೋನ್ ತೆಗೆದು ಬಳ್ಳಾರಿಗೆ ಹಚ್ಚಿದರು.

"ಯವ್ವಾ," ಎಂದರು ಮಗಳಿಗೆ, "ನಿಮ್ಮ ಯಜಮಾನ್ರು ಹೊಳಿ ಮುಚ್ಚಾಕ ಬಂದಾರೇನು, ಒಂದೀಟು ಕೇಳು."

ಸ್ಟಾಪ್ ಇಲ್ಲದ ಕಡೆ ನಿಲ್ಲುವುದಿಲ್ಲ

ಮಾವನವರ ಜೊತೆ ನೀರಿಗಿಳಿದ ಮೇಲೆ ನನಗೆ ಅವರ ಮೇಲಿದ್ದ ಭಯ ಹೋಗಿ ಮೆಚ್ಚುಗೆ ಬಂತು. ಬಸ್ಸು ಬಿಟ್ಟರೂ ಡ್ರೈವರಿಕೆ ಅವರನ್ನು ಬಿಟ್ಟಿಲ್ಲ. ಹತ್ತುವ ಮೊದಲು ಹರಗೋಲಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಹೊಳೆಯ ನಡುವಿನ ಬಂಡೆಗಳಿಗೆಲ್ಲ ಅವರು ಸ್ಟಾಪಿನ ಹೆಸರಿಟ್ಟಿದ್ದಾರೆ. ದೊಡ್ಡ ಬಂಡೆ ತೆಕ್ಕಲಕೋಟೆ, ಅದರಾಚೆಯ ಜೋಡಿ ಬಂಡೆ ಕುರುಗೋಡು. ನಡುವೆ ಎಲ್ಲಿ ಮೀನು ಪುಟಿದರೂ ನಿಲ್ಲಿಸುವುದಿಲ್ಲ. ಸುಮ್ಮನೆ ಬಿಟ್ಟರೆ ಗಿರಗಿರ ತಿರುಗುವ ಆ ಬುಟ್ಟಿಯನ್ನು ಒಂದೇ ಹುಟ್ಟಿನಲ್ಲಿ ಎಷ್ಟು ನೆಟ್ಟಗೆ ಒಯ್ಯುತ್ತಾರೆಂದರೆ, ಪೊರೆ ತೆಗೆಸಿದ ಆ ಕಣ್ಣಿನ ಮೇಲೆ ಭರವಸೆ ಇಟ್ಟು ನಾನು ನಿದ್ದೆಯನ್ನೂ ಮಾಡಬಲ್ಲೆ.

ಎಲ್ಲರನ್ನೂ ಅವರು ಲೇ ಎನ್ನುತ್ತಾರೆ. ಹರಗೋಲಿಗೆ ಲೇ, ಮೀಂಚುಳ್ಳಿ ಹಕ್ಕಿಗೆ ಲೇ, ಸಿಕ್ಕ ಮೀನಿಗೂ ತಪ್ಪಿಸಿಕೊಂಡ ಮೀನಿಗೂ ಲೇ. ಅವರ ಬಸ್ಸಿನ ಹಳೇ ಕಂಡಕ್ಟರ್ ದಂಡೆಯಿಂದ ಕೂಗಿದರೆ ಇವರು ತಿರುಗಿ ಕೂಗುವ ಲೇ ಗುಡ್ಡಕ್ಕೆ ತಾಗಿ ವಾಪಸ್ಸು ಬರುತ್ತದೆ. ನನಗೆ ಮಾತ್ರ "ನಿಮ್ಮ ಯಜಮಾನ್ರು", ಅದೂ ಫೋನಿನಲ್ಲಿ. ಅಳಿಯನಿಗೆ ಮರ್ಯಾದೆ ಕೊಡುವುದು ನಮ್ಮ ಕಡೆಯ ರೂಢಿ, ಸರಿ. ಆದರೆ ಅಷ್ಟು ಮರ್ಯಾದೆ ಮೈಮೇಲೆ ಬಿದ್ದರೆ ಚಳಿಯಾಗುತ್ತದೆ. ಆ ಹಕ್ಕಿಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಪಾಠ ನಡೆಯುವ ರೀತಿ ಹೀಗೆ. ನೀರಿನ ಮೇಲೆ ತೇಲುವ ಬೆಂಡು ಮುಳುಗಿದ ಕೂಡಲೇ ಕೋಲು ಮೇಲೆತ್ತಬೇಕು. ನನಗೆ ಅದು ತಿಳಿಯುವುದಿಲ್ಲ. ಮಾವನವರಿಗೆ ತಿಳಿಯುತ್ತದೆ, ಹೇಳುವಂತಿಲ್ಲ. ಅವರು ಬಳ್ಳಾರಿಗೆ ಫೋನ್ ಹಚ್ಚುತ್ತಾರೆ. ನನ್ನ ಹೆಂಡತಿ ಕುಕ್ಕರ್ ಇಳಿಸಿ, ಕೈ ಒರೆಸಿಕೊಂಡು, ಅವರ ಮಾತು ಕೇಳಿ, ನನಗೆ ಫೋನ್ ಮಾಡುತ್ತಾಳೆ. ನಾನು ಕೋಲನ್ನು ಕಂಕುಳಲ್ಲಿ ಒತ್ತಿಕೊಂಡು ಫೋನ್ ಎತ್ತುತ್ತೇನೆ. "ಕೋಲು ಮ್ಯಾಲೆತ್ತಬೇಕಂತ್ರಿ" ಎನ್ನುತ್ತಾಳೆ. ನಾನು ಎತ್ತುತ್ತೇನೆ. ಗಾಳ ತೊಳೆದಿಟ್ಟ ಹಾಗೆ ಬರಿದಾಗಿರುತ್ತದೆ.

ಒಂದು ಭಾನುವಾರ ಅವಳಿಗೆ ಸಾಕಾಗಿ, ಏನು ಬಿತ್ತು ಎಂದು ನನ್ನನ್ನು ಕೇಳಿದಳು. ಇನ್ನೂ ಏನೂ ಇಲ್ಲ ಎಂದೆ. "ಬೀಳಂಗಿಲ್ಲ ಬಿಡ್ರಿ," ಎಂದಳು. "ಆ ಮೀನು ಬಳ್ಳಾರಿಗಿ ಬಂದು ನಮ್ಮನಿ ನೋಡಿಕೊಂಡು ತಿರುಗಿ ಹೋಗಿರ್ತೈತಿ."

ಉಂಡೆ

ಹುಳ ಮುಟ್ಟಲು ನನಗೆ ಆಗುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು ಚುಚ್ಚಲು ಹೋಗಿ ನನ್ನ ಜೀನ್ಸಿಗೇ ಗಾಳ ಚುಚ್ಚಿಕೊಂಡಿದ್ದೆ. ಮಾವನವರು ನೋಡಿಯೂ ನೋಡದ ಹಾಗೆ ಕೂತಿದ್ದರು.

ಮುಂದಿನ ಭಾನುವಾರ ಹರಗೋಲಿನಲ್ಲಿ, ನಾನು ಕೂರುವ ಕಡೆಯೇ, ಬಾಳೆ ಎಲೆಯ ಮೇಲೆ ದುಂಡನೆಯ ಉಂಡೆಗಳಿದ್ದವು. ಹುರಿಗಡಲೆ ಹಿಟ್ಟು, ಬೆಲ್ಲ, ಶೇಂಗಾದ ಘಮ. ಬೆಳಗಿನ ಬಸ್ಸು ಹಿಡಿದು ಬಂದಿದ್ದೆ, ಹೊಟ್ಟೆ ಖಾಲಿ. ಬಾಯಿ ಬಿಟ್ಟು ಮಾತಾಡದಿದ್ದರೂ ಅಳಿಯನ ಹಸಿವು ಗೊತ್ತಾಗುತ್ತದಲ್ಲ ಎಂದು ಮನಸ್ಸು ತುಂಬಿ ಬಂತು. ಒಂದು ತಿಂದೆ. ಸ್ವಲ್ಪ ದನಕ್ಕಿಡುವ ಹಿಂಡಿಯ ವಾಸನೆ ಇತ್ತು, ಆದರೂ ಪ್ರೀತಿಯಿಂದ ಕೊಟ್ಟದ್ದು ಎಂದು ಇನ್ನೊಂದು ತಿಂದೆ. ಮೂರನೆಯದಕ್ಕೆ ಕೈ ಹಾಕಿದಾಗ ಮಾವನವರು ಆಚೆ ತಿರುಗಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು. ಅವರ ಬೆನ್ನು ಅಲುಗುತ್ತಿತ್ತು.

ನನ್ನ ಫೋನ್ ಬಡಿದುಕೊಂಡಿತು. ಹುಳ ಮುಟ್ಟಲಾರದವರಿಗೆಂದೇ ಅಪ್ಪ ರಾತ್ರಿ ತಾವೇ ಕೂತು ಹಿಂಡಿ ಕುಟ್ಟಿ, ಬೆಲ್ಲ ಕಲಸಿ, ಗಾಳಕ್ಕೆ ಹಚ್ಚುವ ಉಂಡೆ ಕಟ್ಟಿದ್ದಾರಂತೆ ಎಂದಳು ಹೆಂಡತಿ. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಮಾತು ಬಿಟ್ಟ ಮನುಷ್ಯ ನನಗಾಗಿ ಉಂಡೆ ಕಟ್ಟಿದ್ದರು. ಇನ್ನೇನಾದರೂ ಹೇಳಿದರೇ ಎಂದು ಕೇಳಿದೆ.

"ಹೇಳಿದ್ರು," ಎಂದಳು. "ಇವತ್ತು ಎರಕ್ಕ ಮೊದಲು ಬಿದ್ದಿದ್ದು ನಿಮ್ಮ ಯಜಮಾನ್ರ ಅಂದ್ರು."

ಜಿಲೇಬಿ

ಇನ್ನೊಂದು ಭಾನುವಾರ ಕೆಲಸ ಜೋರಿದ್ದು ನಾನು ಹೋಗಲಾಗಲಿಲ್ಲ. ಮಧ್ಯಾಹ್ನ ಹೆಂಡತಿಯ ಫೋನು: ಅಪ್ಪ ಬಸ್ಸಿನಲ್ಲಿ ಜಿಲೇಬಿ ಕಳಿಸಿದ್ದಾರೆ, ಬಸ್ ಸ್ಟ್ಯಾಂಡಿಗೆ ಹೋಗಿ ಇಸಗೊಂಡು ಬರ್ರಿ.

ಅಷ್ಟು ವರ್ಷ ನೀರೂ ಕೇಳದ ಮಾವನವರು ಸಿಹಿ ಕಳಿಸಿದ್ದಾರೆ! ನಾನು ಓಡಿದೆ. ಡ್ರೈವರ್ ಕೈಯಿಂದ ಸ್ಟೀಲ್ ಡಬ್ಬಿ ಇಸಗೊಂಡು ಸೀದಾ ಕೆಲಸದ ಜಾಗಕ್ಕೇ ತಂದೆ. ಹೊಲಿಗೆಯವರಿಗೆಲ್ಲ ನಮ್ಮ ಮನೆಯ ಕಥೆ ಗೊತ್ತು. ಮೆಷಿನ್ ನಿಲ್ಲಿಸಿ, ಚಹಾ ಹಿಡಿದು ಸುತ್ತ ನಿಂತರು. ಮಾವನವರ ಸಿಟ್ಟು ಕರಗಿದೆ, ಎಲ್ಲರೂ ಬಾಯಿ ಸಿಹಿ ಮಾಡಿಕೊಳ್ಳಿರಿ ಎಂದು ಸಣ್ಣ ಭಾಷಣ ಮಾಡಿ ಮುಚ್ಚಳ ತೆಗೆದೆ.

ಒಳಗಿಂದ ಮೀನುಗಳು ನನ್ನನ್ನೇ ನೋಡುತ್ತಿದ್ದವು. ಜಿಲೇಬಿ ಎಂಬ ಹೆಸರಿನ ಮೀನೂ ಇದೆ ಎಂದು ಲಿಂಗ ಕಟ್ಟಿದ ಮನೆಯಲ್ಲಿ ಯಾರು ಹೇಳುತ್ತಾರೆ? ಉಪ್ಪು, ಅರಿಶಿನ ಸವರಿ, ಮಗಳಿಗೆಂದು ಎಷ್ಟು ಚೆಂದ ಜೋಡಿಸಿ ಇಟ್ಟಿದ್ದರು! ಗುಂಡಿ ಹಚ್ಚುವ ಹಿರಿಯ ಡಬ್ಬಿಯೊಳಗೆ ಬಗ್ಗಿ ನೋಡಿ ಹೇಳಿದ: "ಮಾಸ್ಟರ್, ನಿಮ್ಮ ಮಾವೋರ ಸಿಟ್ಟು ಇನ್ನಾ ಕಣ್ಣು ಬಿಟ್ಕೊಂಡೈತ್ರಿ."

ಲೇ

ಕೊನೆಯದು ಮೊನ್ನೆ ಮೊನ್ನೆ ನಡೆದದ್ದು. ಹೊಳೆಯಲ್ಲಿ ಒಳ್ಳೆಯ ನೀರಿತ್ತು. ನಾವು ಕುರುಗೋಡು ಸ್ಟಾಪಿನಲ್ಲಿದ್ದೆವು, ಅಂದರೆ ಜೋಡಿ ಬಂಡೆಯ ನೆರಳಿನಲ್ಲಿ. ಹಬ್ಬ ಹತ್ತಿರವಿತ್ತು. ಅಪ್ಪ ಈ ಸಲವೂ ಬರುವುದಿಲ್ಲ ಎಂದು ಹೆಂಡತಿ ಬೆಳಿಗ್ಗೆಯೇ ಮುಖ ಸಣ್ಣದು ಮಾಡಿಕೊಂಡಿದ್ದಳು. ನನ್ನ ಮನಸ್ಸು ಅಲ್ಲಿತ್ತು.

ಬೆಂಡು ಮಾಯವಾಯಿತು. ಕೋಲು ಬಿಲ್ಲಿನ ಹಾಗೆ ಬಗ್ಗಿತು. ಅಂಥ ಜಗ್ಗಾಟ ನಾನು ಕಂಡಿರಲಿಲ್ಲ. ಗಾಬರಿಯಲ್ಲಿ ಎದ್ದು ನಿಂತುಬಿಟ್ಟೆ. ಹರಗೋಲಿನಲ್ಲಿ ಮಾಡಬಾರದ ಕೆಲಸ ಅದೊಂದೇ. ಅದು ಒಂದು ಕಡೆಗೆ ವಾಲಿ, ಗಿರಗಿರ ತಿರುಗತೊಡಗಿತು. ಮಾವನವರು ಒಂದು ಕೈಯಲ್ಲಿ ಹುಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ಹಚ್ಚಿದರು. "ಯವ್ವಾ, ನಿಮ್ಮ ಯಜಮಾನ್ರಿಗೆ ಹೇಳು, ಕುಂದ..." ಎನ್ನುವಷ್ಟರಲ್ಲಿ ಫೋನ್ ಜಾರಿ ಹರಗೋಲಿನ ತಳಕ್ಕೆ ಬಿತ್ತು. ನಾನು ನೀರಿನ ಕಡೆ ವಾಲಿದೆ. ನನಗೆ ಈಜು ಬರುವುದಿಲ್ಲ, ಅದು ಅವರಿಗೂ ಗೊತ್ತು.

"ಲೇ ಅಳಿಯಾ, ಕುಂದರಲೇ!"

ಆ ಲೇ ಗುಡ್ಡಕ್ಕೆ ತಾಗಿ ವಾಪಸ್ಸು ಬಂತು. ನನ್ನ ಬೆಲ್ಟಿಗೆ ಕೈ ಹಾಕಿ ಜಗ್ಗಿದರು, ಕುಕ್ಕರಿಸಿ ಬಿದ್ದೆ. "ಕೋಲು ಎತ್ತಲೇ, ದಾರ ಸಡಲ ಬಿಡಲೇ, ಈಗ ಜಗ್ಗಲೇ" ಎಂದು ಅಷ್ಟು ವರ್ಷ ಕೂಡಿಟ್ಟ ಲೇಗಳನ್ನೆಲ್ಲ ಒಂದೇ ಉಸಿರಿನಲ್ಲಿ ಖರ್ಚು ಮಾಡಿದರು. ತೋಳುದ್ದದ ಗೆಂಡೆ ಮೀನು ಒಳಗೆ ಬಂದು ಬಿತ್ತು. ನನ್ನ ಪ್ಯಾಂಟಿಗೆ ಬಾಲದಿಂದ ಎರಡು ಬಾರಿಸಿ, ಗಾಳ ಬಿಡಿಸಿಕೊಂಡು, ಅಂಚು ಹಾರಿ ಹೋಗಿಯೇ ಬಿಟ್ಟಿತು.

ಇಬ್ಬರೂ ಅದರ ಕಡೆ ನೋಡಲಿಲ್ಲ. ಹರಗೋಲು ನಿಧಾನಕ್ಕೆ ತಿರುಗಿ ನಿಂತಿತು. ಮಾವನವರು ನೀರಿನ ಕಡೆ ಮುಖ ಮಾಡಿ, ಬಾಯಿ ಜಾರಿತು ಎಂದು ಗೊಣಗಿದರು.

"ಮಾವೋರ," ಎಂದೆ, "ಇನ್ನೊಮ್ಮೆ ಅನ್ರಿ."

ಅವರು ನನ್ನನ್ನು ನೇರವಾಗಿ ನೋಡಿದರು. ಪೊರೆ ತೆಗೆಸಿದ ಕಣ್ಣು ಒದ್ದೆಯಾಗಿತ್ತು. "ಏನ್ ಅನ್ಲಿ ಲೇ," ಎಂದರು.

ಕೆಳಗಿನಿಂದ ಸಣ್ಣ ದನಿಯೊಂದು ಬಂತು. ಫೋನ್ ಇನ್ನೂ ಚಾಲೂ ಇತ್ತು. ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. "ಅಪ್ಪಾ," ಎನ್ನುತ್ತಿದ್ದಳು, "ರೊಟ್ಟಿ ಬಡೀಲೇನು?"

ಹಬ್ಬದ ದಿನ ಮಾವನವರು ಬಂದರು. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟರು, ಬಸ್ಸು ಹತ್ತಿದ ಹಾಗೆ. ಕೈಯಲ್ಲಿ ಜಿಲೇಬಿಯ ಪೊಟ್ಟಣ. ಬಿಚ್ಚಿ ನೋಡಿದೆ, ಅದಕ್ಕೆ ಕಣ್ಣಿರಲಿಲ್ಲ. ಊಟಕ್ಕೆ ನನ್ನ ಪಕ್ಕದಲ್ಲೇ ಕೂತು, ಲೇ ಅದು ಕೊಡು, ಲೇ ಇದು ತಿನ್ನು ಎಂದು ಒಂದೇ ಸಮ ಮಾತು. ಬಿಸಿ ರೊಟ್ಟಿ ಹಿಡಿದು ನಿಂತ ಹೆಂಡತಿ ಮಾತ್ರ ಅಪ್ಪನ ಕಡೆ ನೋಡಲಿಲ್ಲ. ಇಷ್ಟು ವರ್ಷ ತನ್ನನ್ನು ಟೆಲಿಫೋನ್ ಕಂಬ ಮಾಡಿದ್ದರ ಲೆಕ್ಕ ಅವಳಲ್ಲಿ ಬಾಕಿ ಇತ್ತು.

"ಏನ್ರಿ," ಎಂದಳು ನನಗೆ, "ನಿಮ್ಮ ಮಾವೋರಿಗೆ ಇನ್ನೊಂದು ರೊಟ್ಟಿ ಹಾಕಿಸ್ಕೊಳ್ಳಾಕ ಹೇಳ್ರಿ."

ಮಾವನವರಿಗೆ ಅರ್ಥವಾಯಿತು. ತಲೆ ತಗ್ಗಿಸಿ, ನಗು ನುಂಗಿಕೊಂಡು, ನನ್ನ ಕಡೆ ತಿರುಗಿದರು. "ಲೇ, ಹೊಟ್ಟಿ ತುಂಬೈತಿ, ಬ್ಯಾಡಂತ ಹೇಳಲೇ."

ನಾನು ಹೆಂಡತಿಯ ಕಡೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ರೊಟ್ಟಿ ಅವರ ತಟ್ಟೆಯಲ್ಲಿ ಬಿದ್ದಿತ್ತು.

"ಲೈನ್ ಬಿಜಿ ಐತಂತ ಹೇಳ್ರಿ," ಎಂದಳು.