ಬ್ಯಾಟರಿ ಬಸ್ಸಿನ ದೇವರಿಗೆ ಊದುಬತ್ತಿ

ಬಸ್ಸಿನ ಕೆಲಸದಲ್ಲಿ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೈ ಅಡ್ಡ ಹಿಡಿದು ಬಸ್ಸು ಹತ್ತುತ್ತವೆ.

ನಾನು ಕಾಪುವಿನಿಂದ ಉಡುಪಿ, ಮಣಿಪಾಲ ದಾಟಿ ಕಾರ್ಕಳಕ್ಕೆ ಹೋಗುವ ಸರ್ವಿಸ್ ಬಸ್ಸಿನ ಡ್ರೈವರ್. ಊರ ಶಾಲೆಯಲ್ಲಿ ಕಲಿತದ್ದಷ್ಟೇ, ಉಳಿದದ್ದನ್ನು ರಸ್ತೆ ಕಲಿಸಿತು. ಡೀಸೆಲ್ ಬಸ್ಸಿನಲ್ಲಿ ಕೂದಲು ನರೆತವನಿಗೆ ಈಚೆಗೆ ನಮ್ಮ ಧಣಿಗಳು ಬ್ಯಾಟರಿ ಬಸ್ಸು ಕೊಟ್ಟರು. ಬಸ್ಸು ಒಳ್ಳೆಯದೇ. ಏಸಿ ಉಂಟು, ಬೆನ್ನುನೋವು ಇಲ್ಲ, ದೂರಲಿಕ್ಕೆ ಏನೂ ಇಲ್ಲ.

ಆದರೆ ಹಳೆಯ ಬಸ್ಸಿನಲ್ಲಿ ನನಗೊಂದು ಕ್ರಮ ಇತ್ತು. ಬೆಳಿಗ್ಗೆ ಸ್ಟಿಯರಿಂಗ್ ಮುಟ್ಟುವ ಮೊದಲು ಎದುರಿನ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು. ಮೊದಲು ಕಡ್ಡಿ ಗೀರಿದ ಶಬ್ದ, ಆಮೇಲೆ ಇಂಜಿನ್ ಎದ್ದ ಶಬ್ದ. ಅವೆರಡು ಕೇಳಿದ ಮೇಲೆಯೇ ನನಗೆ ಬೆಳಗಾಗುತ್ತಿದ್ದದ್ದು. ಹೊಸ ಬಸ್ಸಿನಲ್ಲಿ ಎರಡೂ ಇಲ್ಲ. ಇಂಜಿನ್ನಿನ ಆಸೆಯನ್ನು ಹೇಗೋ ಬಿಟ್ಟೆ. ಊದುಬತ್ತಿಯ ಆಸೆ ಬಿಡಲಿಕ್ಕೆ ಆಗಲಿಲ್ಲ.

ಮೊದಲು ಯಾರು?

ಬಸ್ಸು ಕೈಗೆ ಬರುವ ಮೊದಲು ನಮಗೆ ತರಬೇತಿ ಆಯಿತು. ಬಸ್ಸು ಮಾಡಿದ ಕಂಪನಿಯಿಂದ ಒಬ್ಬರು ಬಂದಿದ್ದರು. ಘಟ್ಟದ ಮೇಲಿನವರು, ಚುರುಕು ಮನುಷ್ಯ. ನಾವು ಅವರನ್ನು ಟ್ರೈನಿಂಗ್ ಸರ್ ಎಂದೇ ಕರೆದೆವು.

"ನೋಡ್ರೀ, ಈ ಬ್ಯಾಟರಿಗೆ ಬೆಂಕಿ ಹಿಡಿಯೋದು ಅಪರೂಪ. ಹಿಡಿದ್ರೆ ಮಾತ್ರ ಒಂದು ಬಕೆಟ್ ನೀರಿಗೆ ಬಗ್ಗೋದಿಲ್ಲ, ಆರಿದ ಹಾಗೆ ಕಂಡು ಮತ್ತೆ ಹತ್ತಿಕೊಳ್ಳತ್ತೆ. ಹೊಗೆ ಕಂಡ್ರೆ, ಏನೋ ಸಿಹಿ ವಾಸನೆ ಬಂದ್ರೆ, ಬಸ್ಸು ಪಕ್ಕಕ್ಕೆ ಹಾಕಿ ಎಲ್ಲರನ್ನೂ ಇಳಿಸಿ ದೂರ ಹೋಗಿ. ಬ್ಯಾಗಿಗೋಸ್ಕರ ಯಾರೂ ವಾಪಸ್ ಹೋಗಬಾರದು. ಬಸ್ಸೊಳಗೆ ಬೆಂಕಿಕಡ್ಡಿ ಗೀರೋ ಹಾಗೇ ಇಲ್ಲ."

ನಾನು ಮೆಲ್ಲ ಕೈ ಎತ್ತಿದೆ. "ಸರ್, ದೇವರಿಗೆ ಒಂದು ಊದುಬತ್ತಿ?"

"ದೇವರಿಗೂ ಇದೇ ರೂಲ್ಸು."

ಕೊನೆಗೆ ಪರೀಕ್ಷೆಯ ಹಾಗೆ ಒಂದು ಪ್ರಶ್ನೆ ಕೇಳಿದರು. "ಹೊಗೆ ಬಂತು ಅಂತ ಇಟ್ಕೊಳ್ಳಿ. ಮೊದಲು ಯಾರನ್ನ ಹೊರಗೆ ತರ್ತೀರಿ?"

"ದೇವರ ಪಟವನ್ನು," ಎಂದೆ ನಾನು.

ನಮ್ಮ ಕಂಡಕ್ಟರ್ ಎದ್ದು ನಿಂತು, "ಅಣ್ಣ ದೇವರನ್ನು ನೋಡಿಕೊಳ್ತಾರೆ ಸರ್, ನಾನು ಟಿಕೆಟ್ ಮೆಷಿನ್ ತರ್ತೇನೆ," ಎಂದ.

ಟ್ರೈನಿಂಗ್ ಸರ್ ಕುರ್ಚಿಯಲ್ಲಿ ಕೂತುಬಿಟ್ಟರು. "ಪ್ಯಾಸೆಂಜರ್‌ಗಳು ನಡ್ಕೊಂಡು ಬರ್ತಾರೇನ್ರೀ?"

"ಹೌದು ಸರ್," ಎಂದ ಕಂಡಕ್ಟರ್. "ಅವರಿಗೆ ಕಾಲು ಉಂಟಲ್ಲ. ದೇವರ ಪಟಕ್ಕೆ ಇಲ್ಲ."

ಸದ್ದಿಲ್ಲದ ಸಂಸಾರ

ಕಾರ್ಕಳ ಸ್ಟ್ಯಾಂಡಿನಲ್ಲಿ ಒಬ್ಬರು ಅಜ್ಜ ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಮುಂಡಾಸು ಸರಿಮಾಡಿ ಕಣ್ಣು ಮುಚ್ಚಿದರು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಗದರಿದರು.

"ಎಂತ ಡ್ರೈವರೇ, ಬಸ್ಸು ಸ್ಟಾರ್ಟ್ ಮಾಡುವ ಅಂದಾಜು ಉಂಟಾ ಇಲ್ವಾ? ನನಗೆ ಬೈಲೂರಿನಲ್ಲಿ ಮದುವೆ ಊಟ ಉಂಟು ಮಾರಾಯ್ರೆ."

"ಅಜ್ಜ, ಹಿರಿಯಡ್ಕ ಬಂತು. ಬೈಲೂರು ದಾಟಿ ಬಹಳ ಹೊತ್ತಾಯಿತು," ಎಂದೆ.

ಅವರು ಕಣ್ಣು ಬಿಟ್ಟು ಹೊರಗೆ ನೋಡಿದರು. ನನಗೆ ಬೈಯಲಿಲ್ಲ. "ಹೇಳದೆ ಕೇಳದೆ ಹೊರಡುವ ಬಸ್ಸು," ಎಂದು ಬಸ್ಸಿಗೇ ಬೈದು ಇಳಿದರು.

ಅಜ್ಜನಿಗೆ ಹೋದದ್ದು ಒಂದು ಊಟ. ನನ್ನ ಮನೆಯಲ್ಲಿ ಹೋದದ್ದು ದಿನಾ ಸಂಜೆಯ ಚಾ. ಕಾಪುವಿನಲ್ಲಿ ನಮ್ಮ ಮನೆ ರಸ್ತೆಯಿಂದ ಸ್ವಲ್ಪ ಒಳಗೆ. ಹಳೆಯ ಬಸ್ಸು ತಿರುವಿನಲ್ಲಿ ಗೇರು ಇಳಿಸಿ ಒಮ್ಮೆ ಕೆಮ್ಮಿದರೆ ಸಾಕು, ನನ್ನ ಹೆಂಡತಿ ಒಲೆಯ ಮೇಲೆ ನೀರು ಇಡುತ್ತಿದ್ದಳು. ನಾನು ಬಸ್ಸು ಶೆಡ್ಡಿಗೆ ಬಿಟ್ಟು ಮನೆ ಮೆಟ್ಟಿಲು ಹತ್ತುವಾಗ ಚಾ ಲೋಟದಲ್ಲಿರುತ್ತಿತ್ತು. ಈಗ ನಾನು ಎದುರು ನಿಂತರೂ, "ಓ, ಬಂದಿರಾ!" ಎನ್ನುತ್ತಾಳೆ.

ಒಂದು ಸಂಜೆ ನನ್ನ ಅಂಗಿಯನ್ನು ಒಗೆಯಲಿಕ್ಕೆ ತೆಗೆದವಳು ಮೂಸಿ ನೋಡಿ ಮುಖ ಸಣ್ಣ ಮಾಡಿದಳು.

"ಎಂತಾಯಿತು?"

"ಮೊದಲು ಡೀಸೆಲ್ಲಿನದ್ದು, ಊದುಬತ್ತಿಯದ್ದು ಪರಿಮಳ ಇತ್ತು. ಈಗ ಶಬ್ದವೂ ಇಲ್ಲ, ವಾಸನೆಯೂ ಇಲ್ಲ. ಯಾರದ್ದೋ ಗಂಡ ಮನೆಗೆ ಬಂದ ಹಾಗೆ ಆಗ್ತದೆ."

ನಾನೂ ಅದನ್ನೇ ಯೋಚಿಸುತ್ತಿದ್ದೆ. ಊದುಬತ್ತಿಯ ಪೊಟ್ಟಣ ಆಗಲೂ ನನ್ನ ಕಿಸೆಯಲ್ಲೇ ಇರುತ್ತಿತ್ತು. ಹಚ್ಚುವ ಹಾಗಿಲ್ಲ, ಬಿಟ್ಟು ಬರುವ ಮನಸ್ಸಿಲ್ಲ. ಹೇಳಿದರೆ ಅವಳಿಗೆ ಬೇಸರವಾದೀತೆಂದು, "ಯಾರದ್ದಾದರೂ ಆಗಲಿ, ಒಂದು ಚಾ ಕೊಡು," ಎಂದೆ.

"ಯಾರದ್ದೋ ಗಂಡನಿಗೆ ಚಾ ಮಾಡುವ ಕ್ರಮ ನಮ್ಮಲ್ಲಿ ಇಲ್ಲ," ಎಂದು ಒಳಗೆ ಹೋದಳು. ಚಾ ಮಾತ್ರ ತಂದಳು.

ಸಿಹಿ ವಾಸನೆ

ಕಾರ್ಕಳದಿಂದ ಬರುವ ಟ್ರಿಪ್ಪು, ಬಸ್ಸು ತುಂಬ ಜನ. ಪರ್ಕಳ ಹತ್ತಿರ ಬರುವಾಗ ಕಂಡಕ್ಟರ್ ಜನರ ನಡುವಿನಿಂದ ನುಸುಳಿ ಬಂದು ನನ್ನ ಕಿವಿಯಲ್ಲಿ ಹೇಳಿದ, "ಅಣ್ಣ, ಹಿಂದೆ ವಾಸನೆ ಬರ್ತಾ ಉಂಟು. ಸಿಹಿ."

ಬಸ್ಸು ಬದಿಗೆ ಹಾಕಿ, ಬಾಗಿಲು ತೆಗೆದು, "ಇಳಿಯಿರಿ, ಎಲ್ಲ ಇಳಿಯಿರಿ, ಬ್ಯಾಗ್ ಬೇಡ!" ಎಂದೆ. ಮನಸ್ಸು ದೇವರ ಪಟದ ಕಡೆಗೆ ಹೋಯಿತು, ಕೈ ಹೋಗಲಿಲ್ಲ. ಕಂಡಕ್ಟರ್ ಟ್ರೈನಿಂಗ್ ಸರ್‌ಗೆ ಫೋನ್ ಮಾಡಿದ. ಅವರು ಮಣಿಪಾಲದಲ್ಲೇ ಇದ್ದವರು, ಯಾರದೋ ಸ್ಕೂಟರಿನ ಹಿಂದೆ ಕೂತು ಬಂದರು. ಬಸ್ಸಿನ ಅಡಿ ನೋಡಿದರು, ಎದುರಿನ ಪರದೆಯಲ್ಲಿ ಬ್ಯಾಟರಿಯ ಬಿಸಿ ನೋಡಿದರು. ಆಮೇಲೆ ಒಳಗೆ ಹೋದವರು ಹಿಂದಿನ ಸೀಟಿನ ಅಡಿಯಿಂದ ಒಂದು ಗೋಣಿಚೀಲ ಎಳೆದುಕೊಂಡು ಬಂದರು.

"ಯಾರದಿದು?"

ಹೆಬ್ರಿ ಕಡೆಯ ಒಬ್ಬರು ಅಮ್ಮ ಮುಂದೆ ಬಂದರು. "ನನ್ನದು. ಹಲಸಿನ ಹಣ್ಣು, ಮಗಳ ಮನೆಗೆ. ಒಂದು ಒಡೆದಿರಬೇಕು."

"ಮೊದಲೇ ಹೇಳಬಾರದಾ ಅಮ್ಮ?" ಎಂದೆ.

"ಬ್ಯಾಗಿನ ಮಾತೇ ಬೇಡ ಎಂದು ಬೊಬ್ಬೆ ಹಾಕಿದ್ದು ನೀವೇ ಅಲ್ವಾ?"

ಒಡೆದ ಹಣ್ಣನ್ನು ಮತ್ತೆ ಬಸ್ಸಿಗೆ ಹತ್ತಿಸುವುದು ಹೇಗೆ? ರಸ್ತೆ ಬದಿಯಲ್ಲೇ ಎಲ್ಲರೂ ತಿಂದೆವು. ಟ್ರೈನಿಂಗ್ ಸರ್ ಎರಡೂ ಕೈಯಲ್ಲಿ ಮೇಣ ಅಂಟಿಸಿಕೊಂಡು ಹೇಳಿದರು, "ನಿಮ್ಮ ಊರಿಗೆ ಬೇರೆ ಪಾಠ ಮಾಡಬೇಕು ಕಣ್ರೀ. ಸಿಹಿ ವಾಸನೆ ಬಂದ್ರೆ ಎಲ್ಲರನ್ನೂ ಇಳಿಸಿ, ಆಮೇಲೆ ಹಲಸಿನ ಹಣ್ಣು ಇದೆಯಾ ಅಂತ ಕೇಳಿ."

"ಇದ್ದರೆ ಎಂತ ಮಾಡುವುದು ಸರ್?" ಎಂದೆ.

"ಆಗಲೂ ನನಗೆ ಫೋನ್ ಮಾಡಿ."

ದೇವರ ಬ್ಯಾಟರಿ

ನನ್ನ ಮುಖ ನೋಡಿ ನೋಡಿ ಕಂಡಕ್ಟರಿಗೇ ಬೇಜಾರಾಗಿರಬೇಕು. ಒಂದು ದಿನ ಉಡುಪಿಯಿಂದ ಒಂದು ಸಾಧನ ತಂದ. ಊದುಬತ್ತಿಯ ಹಾಗೆ ಮೂರು ಪ್ಲಾಸ್ಟಿಕ್ ಕಡ್ಡಿ, ತುದಿಯಲ್ಲಿ ಕೆಂಪು ಬೆಳಕು, ಅಡಿಯಲ್ಲಿ ಚಾರ್ಜು ಮಾಡುವ ಸಣ್ಣ ಬ್ಯಾಟರಿ. "ಬೆಂಕಿ ಇಲ್ಲ, ಹೊಗೆ ಇಲ್ಲ. ಯಾವ ರೂಲ್ಸೂ ಇದನ್ನು ಮುಟ್ಟುವುದಿಲ್ಲ ಅಣ್ಣ," ಎಂದ.

ದೇವರ ಎದುರು ಇಟ್ಟು, ಮೊಬೈಲ್ ಚಾರ್ಜಿನ ವಯರು ಸಿಕ್ಕಿಸಿ, ಕೈ ಮುಗಿದೆ. ಬೆಳಕು ಇತ್ತು, ಪರಿಮಳ ಇರಲಿಲ್ಲ. ಶಾಲೆಯ ಗೋಡೆಯಲ್ಲಿ ಬರೆದ ದೀಪಕ್ಕೆ ಕೈ ಮುಗಿದ ಹಾಗಾಯಿತು. ಆದರೂ ಇಲ್ಲದ್ದಕ್ಕಿಂತ ವಾಸಿ ಎಂದು ದಿನ ದೂಡಿದೆ.

ಮಳೆಗಾಲದ ಸೋಣ ತಿಂಗಳ ಒಂದು ಶುಕ್ರವಾರ ಬೆಳಗಿನ ಟ್ರಿಪ್ಪು. ತಪಾಸಣೆಗೆಂದು ಬಂದ ಟ್ರೈನಿಂಗ್ ಸರ್ ಎದುರಿನ ಸೀಟಿನಲ್ಲಿದ್ದರು. ಕಟಪಾಡಿಯಲ್ಲಿ ಹತ್ತಿದ ನಮ್ಮ ಬಾಯಮ್ಮ ಅವರ ಪಕ್ಕ ಕೂತರು. ಶಂಕರಪುರದ ಕಡೆ ಮಲ್ಲಿಗೆ ಬೆಳೆಸುವ ಕ್ರಿಶ್ಚಿಯನ್ ಹೆಂಗಸು, ದಿನಾ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಮಣಿಪಾಲಕ್ಕೆ ಹೋಗುವವರು. ಬ್ಯಾಟರಿ ಎಂದರೆ ಅವರಿಗೆ ಸ್ವಲ್ಪ ಹೆದರಿಕೆ.

"ಹೆದರಬೇಡಿ ಅಮ್ಮ," ಎಂದು ಟ್ರೈನಿಂಗ್ ಸರ್ ದಾರಿಯುದ್ದಕ್ಕೂ ಧೈರ್ಯ ಹೇಳಿದರು. "ಬ್ಯಾಟರಿ ತಂಪು ಮಾಡೋಕೆ ಅದರದ್ದೇ ಏರ್ಪಾಡಿದೆ. ಸ್ವಲ್ಪ ಬಿಸಿ ಆದ್ರೂ ಗಂಟೆ ಹೊಡೆಯತ್ತೆ. ಈ ಬಸ್ಸಲ್ಲಿ ನಿಮಗೆ ಹೊಗೆ ಕಾಣೋದಿಲ್ಲ."

ಕಡಿಯಾಳಿಯಲ್ಲಿ ಬಸ್ಸು ನಿಧಾನ ಮಾಡಿ, ಅಮ್ಮನವರ ಗುಡಿಯ ಕಡೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಕಣ್ಣು ತಿರುಗಿಸಿದರೆ ದೇವರ ಪಟದ ಎದುರು ಸಣ್ಣ ಎಳೆಯಾಗಿ ಹೊಗೆ ಏಳುತ್ತಾ ಉಂಟು.

"ಓಯ್, ಇವತ್ತು ಊದುಬತ್ತಿಯಲ್ಲಿ ಹೊಗೆಯೂ ಬರ್ತದಲ್ಲ, ಚಂದ ಆಯಿತು!" ಎಂದರು ಬಾಯಮ್ಮ.

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೂ ಸಂತೋಷವೇ ಆಯಿತು. ನನ್ನ ಆಸೆಯನ್ನು ದೇವರು ನೋಡಿದ ಎಂದುಕೊಂಡೆ. ಅಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಬಸ್ಸು ಬದಿಗೆ ಹಾಕಿದೆ, ವಯರು ಎಳೆದೆ, ಬಾಗಿಲು ತೆಗೆದೆ. ಪ್ರಯಾಣಿಕರೆಲ್ಲ ಇಳಿದ ಮೇಲೆ ನಾನು ಇಳಿದೆ. ಎಲ್ಲರೂ ದೂರ ನಿಂತಾಗ ಒಬ್ಬರು ಮಾತ್ರ ಬಸ್ಸಿನ ಕಡೆ ವಾಪಸ್ ಓಡಿದರು. ಕಂಡಕ್ಟರ್ ಹಿಂದಿನಿಂದ ಅವರ ಅಂಗಿ ಹಿಡಿದು ನಿಲ್ಲಿಸಿದ.

"ಸರ್! ಬ್ಯಾಗಿಗೋಸ್ಕರ ಯಾರೂ ವಾಪಸ್ ಹೋಗಬಾರದು!"

"ಬಿಡ್ರೀ, ಅದರಲ್ಲಿ ನನ್ನ ಸುರಕ್ಷತೆ ಪಾಠ ಇದೆ!" ಎಂದರು ಟ್ರೈನಿಂಗ್ ಸರ್.

ಫೈರ್‌ನವರು ಬಂದು ಇಕ್ಕಳದಲ್ಲಿ ಆ ಊದುಬತ್ತಿ ಸೆಟ್ಟನ್ನು ಎತ್ತಿ ನೀರಿನ ಬಕೆಟ್ಟಿಗೆ ಹಾಕಿದರು. ಬಸ್ಸನ್ನೂ ಪರೀಕ್ಷಿಸಿದರು. ಅಷ್ಟು ದೊಡ್ಡ ಬ್ಯಾಟರಿ ತಣ್ಣಗೆ ಮಲಗಿತ್ತು. ಅವರಲ್ಲಿ ಹಿರಿಯರೊಬ್ಬರು ಕೈ ಒರಸಿಕೊಂಡು ಹೇಳಿದರು, "ಬಸ್ಸಿನ ಬ್ಯಾಟರಿಗೆ ಎಂತದೂ ಆಗಲಿಲ್ಲ. ಜ್ವರ ಬಂದದ್ದು ದೇವರ ಬ್ಯಾಟರಿಗೆ."

ಅಂಗಿಯ ಪರಿಮಳ

ಪಟದ ಒಂದು ಮೂಲೆ ಕಪ್ಪಾಗಿತ್ತು. ಒರಸುತ್ತಾ ನಿಂತೆ. ಇನ್ನು ಕೆಂಪು ಬೆಳಕೂ ಇಲ್ಲ ಎಂದು ಮನಸ್ಸು ಬರಿದಾಯಿತು. ಬಾಯಮ್ಮ ಬುಟ್ಟಿಯಿಂದ ಕಟ್ಟಿದ ಮಲ್ಲಿಗೆಯ ಒಂದು ಚೆಂಡು ತೆಗೆದು, ಸುತ್ತಿದ ಬಾಳೆನಾರು ಬಿಚ್ಚಿ ನನ್ನ ಕೈಗಿಟ್ಟರು.

"ನಿಮ್ಮ ದೇವರಿಗೆ ಹಾಕಿ ಡ್ರೈವರೇ. ಇದಕ್ಕೆ ಚಾರ್ಜು ಬೇಡ."

ನಾನು ಟ್ರೈನಿಂಗ್ ಸರ್ ಮುಖ ನೋಡಿದೆ. "ಸರ್, ಇದಕ್ಕೆ ರೂಲ್ಸು ಉಂಟಾ?"

ಅವರು ಹೂವನ್ನು ಮೂಸಿದರು. "ಸಿಹಿ ವಾಸನೆ ಇದೆ," ಎಂದು ನಕ್ಕರು. "ಹಾಕಿ, ಹಾಕಿ."

ಆ ದಿನವೆಲ್ಲ ಬಸ್ಸಿನಲ್ಲಿ ಮಲ್ಲಿಗೆ ಘಮಘಮ. ಎಷ್ಟೋ ತಿಂಗಳ ಮೇಲೆ ದೇವರು ಎದುರಿಗೆ ಕೂತ ಹಾಗಿತ್ತು. ಸಂಜೆ ಮೆಟ್ಟಿಲು ಹತ್ತಿದೆ. ನನ್ನ ಹೆಂಡತಿ ಬಾಗಿಲಲ್ಲಿ ಅಂಗಿ ತೆಗೆದುಕೊಂಡು ಮೂಸಿದಳು. ಮತ್ತೊಮ್ಮೆ ಮೂಸಿದಳು. ಈಗಲಾದರೂ ಸ್ವಂತ ಗಂಡ ಬಂದ ಎಂದು ಸಂತೋಷಪಡುತ್ತಾಳೆ ಎಂದು ಕಾದೆ.

"ಈ ಮಲ್ಲಿಗೆ ಯಾರದ್ದು?" ಎಂದಳು.

"ದೇವರದ್ದು ಮಾರಾಯ್ತಿ!"

"ಹೌದಾ? ದೇವರು ಎಲ್ಲಿ ಹತ್ತಿದ್ದು?"

"ಕಟಪಾಡಿಯಲ್ಲಿ," ಎಂದುಬಿಟ್ಟೆ.

ಆ ದಿನ ಚಾ ಸಿಗಲಿಲ್ಲ. ಮರುದಿನ ಬೆಳಗಿನ ಟ್ರಿಪ್ಪಿನಲ್ಲಿ ಎದುರಿನ ಸೀಟು ಹಿಡಿದು ಕೂತವಳು ನನ್ನ ಹೆಂಡತಿಯೇ. ಕಟಪಾಡಿಯಲ್ಲಿ ಬಾಯಮ್ಮ ಹತ್ತಿದರು. ಇವಳು ಅವರ ನರೆಗೂದಲನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಸರಿದು ಜಾಗ ಕೊಟ್ಟಳು. ಉಡುಪಿ ಮುಟ್ಟುವಾಗ ಇಬ್ಬರೂ ಅಕ್ಕತಂಗಿಯರ ಹಾಗೆ ಮಾತಾಡುತ್ತಿದ್ದರು. ಬಾಯಮ್ಮ ಕೊಟ್ಟ ಮಲ್ಲಿಗೆಯಲ್ಲಿ ಒಂದು ಗೇಣು ಪಟಕ್ಕೆ ಬಂತು, ಉಳಿದದ್ದೆಲ್ಲ ಇವಳ ತಲೆಗೆ ಏರಿತು.

"ದೇವರಿಗೆ ಇಷ್ಟೇ ಸಾಕಾ?" ಎಂದೆ, ರಸ್ತೆಯಿಂದ ಕಣ್ಣು ತೆಗೆಯದೆ.

"ಸಾಕು," ಎಂದಳು. "ಹೆಚ್ಚು ಹಾಕಿದರೆ ದೇವರ ಪರಿಮಳ ಮತ್ತೆ ನಿಮ್ಮ ಅಂಗಿಗೆ ಬರ್ತದೆ."